ನರ್ಸಿಂಗ್ ಓದಿದವರು ಎಂಪಿಎಚ್ ಮಾಡಿ ಸಂಶೋಧಕರಾಗಬಹುದೇ?

ಕಾರವಾರದಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷ ವಾರ್ಡಿನಲ್ಲಿ ದುಡಿದಿದ್ದೀರಿ, ಈಗ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ (ಎಂಪಿಎಚ್) ಮಾಡುವ ಆಸೆ ಇದೆ ಎಂದು ಬರೆದಿದ್ದೀರಿ. ಎಂಬಿಬಿಎಸ್ ಮಾಡದವರನ್ನು ಸಂಶೋಧಕರೆಂದು ಯಾರಾದರೂ ಒಪ್ಪುತ್ತಾರಾ, ಪಿಯುಸಿಗೇ ಕೈಬಿಟ್ಟ ಗಣಿತ ಅಲ್ಲಿ ಮತ್ತೆ ಎದುರಾಗುತ್ತದಾ ಎಂದು ಕೇಳಿದ್ದೀರಿ.

ಒಪ್ಪುತ್ತಾರೆ. ನಾನು ಸಿದ್ದಾಪುರ ತಾಲ್ಲೂಕಿನವಳು, ಶಿರಸಿಯಲ್ಲಿ ಪ್ರಾಣಿಶಾಸ್ತ್ರ ಓದಿ ಆಮೇಲೆ ಎಂಪಿಎಚ್ ಮಾಡಿದವಳು. ನನ್ನ ತರಗತಿಯಲ್ಲಿ ದಂತವೈದ್ಯರು, ಆಯುರ್ವೇದದವರು, ನರ್ಸುಗಳು, ಸಮಾಜಕಾರ್ಯ ಓದಿದವರು ಎಲ್ಲ ಇದ್ದರು. ಮೊದಲ ಕೆಲವು ವಾರ ವೈದ್ಯರ ಮುಂದೆ ಬಾಯಿ ಬಿಡಲು ಹೆದರಿಕೆಯಾಗುತ್ತಿತ್ತು. ರೋಗ ಜನರ ನಡುವೆ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆಂದು ನೋಡುವ ಎಪಿಡೆಮಿಯಾಲಜಿ ಶುರುವಾದ ಮೇಲೆ ಆ ಹೆದರಿಕೆ ಹೋಯಿತು. ಅಲ್ಲಿ ಇಡೀ ಊರೇ ರೋಗಿ. ಹಾಗೆ ನೋಡುವುದನ್ನು ವೈದ್ಯರೂ ಹೊಸದಾಗಿಯೇ ಕಲಿಯಬೇಕು.

ಗಣಿತದ ವಿಷಯಕ್ಕೆ ಬಂದರೆ, ಶೇಕಡಾ, ಅನುಪಾತ, ಭಾಗಾಕಾರ ಗಟ್ಟಿಯಾಗಿ ಬಂದರೆ ಸಾಕು. ಉಳಿದದ್ದನ್ನು ಆರ್, ಸ್ಟೇಟಾದಂಥ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಕಷ್ಟ ಇರುವುದು ಛೇದದಲ್ಲಿ. ಭಿನ್ನರಾಶಿಯ ಮೇಲಿನ ಅಂಶ ಸುಲಭವಾಗಿ ಸಿಗುತ್ತದೆ, ಆಸ್ಪತ್ರೆಯ ರಿಜಿಸ್ಟರ್ ತೆರೆದು ಎಣಿಸಿದರಾಯಿತು. ಎಷ್ಟು ಜನರ ಪೈಕಿ ಇಷ್ಟು ಜನ? ಎರಡು ವರ್ಷದ ಓದಿನ ತಿರುಳೆಲ್ಲ ಆ ಕೆಳಗಿನ ಸಂಖ್ಯೆಯನ್ನು ಪ್ರಾಮಾಣಿಕವಾಗಿ ಹುಡುಕುವುದರಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳಿ. 2000ದ ಸುಮಾರಿಗೆ ಕೈಗಾದ ಅಣುಸ್ಥಾವರ ವಿದ್ಯುತ್ ಕೊಡತೊಡಗಿದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಕ್ಯಾನ್ಸರ್ ಹೆಚ್ಚಾಗಿದೆಯೇ ಎಂದು ಕೇಳದವರು ಕಾರವಾರದಲ್ಲಿ ಕಡಿಮೆ. ಹೌದು ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಲೆಕ್ಕ ಬೇಕು. ಹಳ್ಳಿಯಲ್ಲಿ ಯಾವ ವಯಸ್ಸಿನವರು ಎಷ್ಟಿದ್ದಾರೆ? ಹುಡುಗರೆಲ್ಲ ಗೋವಾ, ಬೆಂಗಳೂರು ಸೇರಿ ವಯಸ್ಸಾದವರೇ ಉಳಿದ ಊರಿನಲ್ಲಿ, ಬೇರೆ ಯಾವ ಕಾರಣ ಇಲ್ಲದೆಯೂ ಕ್ಯಾನ್ಸರ್ ಹೆಚ್ಚು ಕಾಣುತ್ತದೆ. ಎಲೆಅಡಿಕೆಯ ಜೊತೆ ತಂಬಾಕು ಎಷ್ಟು ಜನ ಹಾಕುತ್ತಾರೆ? ಇದೆಲ್ಲಕ್ಕಿಂತ ದೊಡ್ಡ ತೊಡಕು, ನಮ್ಮ ರೋಗಿಗಳು ನಮ್ಮ ಜಿಲ್ಲೆಯಲ್ಲಿ ಉಳಿಯುವುದಿಲ್ಲ. ಗೋವಾದ ಬಾಂಬೋಳಿಯ ಆಸ್ಪತ್ರೆಗೆ ಹೋಗುತ್ತಾರೆ, ಮಣಿಪಾಲಕ್ಕೆ ಹೋಗುತ್ತಾರೆ, ಮಂಗಳೂರು, ಹುಬ್ಬಳ್ಳಿ ಹತ್ತುತ್ತಾರೆ. ಅಲ್ಲಿಯ ರಿಜಿಸ್ಟರಿನಲ್ಲಿ ಒಂದೊಂದು ಸಾಲಾಗಿ ಚದುರಿಹೋಗುತ್ತಾರೆ. ಇಲ್ಲಿಯ ಆಸ್ಪತ್ರೆಯ ಲೆಕ್ಕವೊಂದನ್ನೇ ನೋಡಿದವರಿಗೆ ಉತ್ತರ ಕನ್ನಡ ಬಹಳ ಆರೋಗ್ಯವಂತ ಜಿಲ್ಲೆಯಾಗಿ ಕಾಣುತ್ತದೆ. 2022ರಲ್ಲಿ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ದನಿ ಎತ್ತಿದಾಗ ನನಗೆ ಮತ್ತೆ ಮತ್ತೆ ಅನ್ನಿಸಿದ್ದು ಇದೇ: ಹೊರಗೆ ಹೋದವರನ್ನು ಊರುವಾರು ಎಣಿಸಿ ಇಡುವವರು ನಮ್ಮಲ್ಲೇ ಇದ್ದಿದ್ದರೆ ಆ ದನಿಗೆ ಎಷ್ಟು ಬಲ ಬರುತ್ತಿತ್ತು. ವಾರ್ಡಿನಲ್ಲಿ ನಿಂತು ರೋಗಿಗಳನ್ನು ಆಂಬುಲೆನ್ಸ್ ಹತ್ತಿಸಿದ ನಿಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಎಣಿಕೆ ಎಲ್ಲಿ ತಪ್ಪುತ್ತದೆ ಎಂಬ ಪಾಠವನ್ನು ನಾನು ಕಲಿತದ್ದು ಮಂಗನ ಕಾಯಿಲೆಯಿಂದ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಗುರುತಿಸಿದ ಕಾಯಿಲೆ ಅದು. ಹೆಸರು ಮಂಗದ್ದು, ಮನುಷ್ಯರಿಗೆ ಕಾಯಿಲೆ ಅಂಟಿಸುವುದು ರಕ್ತ ಹೀರುವ ಉಣುಗು (ಉಣ್ಣಿ). ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಡಿಸೆಂಬರಿನಿಂದ ಮೇ ತನಕ, ಅಂದರೆ ಮರಿ ಉಣುಗುಗಳು ನೆಲದ ಒಣ ಎಲೆಗಳ ನಡುವೆ ತುಂಬಿರುವ ಕಾಲದಲ್ಲಿ, ನಮ್ಮ ಕಡೆ ಜ್ವರ ಬಂದರೆ ಎದೆ ಧಸಕ್ ಅನ್ನುತ್ತದೆ.

ಎರಡನೇ ವರ್ಷದ ಪ್ರಬಂಧಕ್ಕೆ, ಉಣುಗು ಹತ್ತದಿರಲೆಂದು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಜನ ಹಚ್ಚಿಕೊಳ್ಳುತ್ತಾರಾ ಎಂದು ಕೇಳಲು ಹೊರಟೆ. ಪ್ರಶ್ನಾವಳಿಯ ಮೊದಲ ಪ್ರಶ್ನೆ: ‘ನೀವು ಕಾಡಿಗೆ ಹೋಗುತ್ತೀರಾ?’ ಪ್ರಶ್ನೆ ಸರಿಯಿದೆಯೇ ನೋಡಲೆಂದು ನಮ್ಮ ಹತ್ತಿರದ ಹಳ್ಳಿಯಲ್ಲೇ ಕೇಳಿದರೆ, ಹೆಂಗಸರೆಲ್ಲ ಒಬ್ಬರ ಹಿಂದೆ ಒಬ್ಬರು ಇಲ್ಲ ಎಂದರು. ಹಿಂದೆ ಕೊಟ್ಟಿಗೆಯಲ್ಲಿ ಆಗಷ್ಟೇ ತಂದ ದರಕಿನ, ಅಂದರೆ ಒಣ ಎಲೆಗಳ, ಹೊರೆ ಬಿದ್ದಿತ್ತು. ಕೇಳಿದ್ದಕ್ಕೆ ಒಬ್ಬ ಅಜ್ಜಿ ಹೇಳಿದರು: ‘ಕಾಡಿಗೆಲ್ಲ ನಾವು ಎಂತಕ್ಕೆ ಹೋಗೂದು ತಂಗಿ? ಬೆಟ್ಟಕ್ಕೆ ಹೋಗೂದಷ್ಟೇ, ದರಕು ತರೂಕೆ.’

ಸೊಪ್ಪಿನ ಬೆಟ್ಟ ಅಡಿಕೆ ತೋಟದ ಭಾಗ, ಮನೆಯಂಗಳದ ಮುಂದುವರಿಕೆ. ಕಾಡು ಅಂದರೆ ಅದರಾಚೆಗಿನದು. ಅದೇ ನೆಲದಲ್ಲಿ ಹುಟ್ಟಿದ ನಾನು ಇಂಗ್ಲಿಷಿನಲ್ಲಿ ಪ್ರಶ್ನೆ ಬರೆದು ಆಮೇಲೆ ಕನ್ನಡಕ್ಕೆ ತಂದಿದ್ದರಿಂದ ಈ ವ್ಯತ್ಯಾಸ ಕೈತಪ್ಪಿತ್ತು.

ಅದರಿಂದ ಎಷ್ಟು ಅನಾಹುತ ಆಗಬಹುದೆಂದು ಒಂದು ಕಲ್ಪಿತ ಲೆಕ್ಕದಲ್ಲಿ ತೋರಿಸುತ್ತೇನೆ. ಜ್ವರ ಬಂದ 40 ಜನರಲ್ಲಿ 30 ಜನ ದರಕು ತರಲು ಹೋಗಿದ್ದರು, ಬಾರದ 80 ಜನರಲ್ಲೂ 30 ಜನ ಹೋಗಿದ್ದರು ಎಂದುಕೊಳ್ಳಿ. ಹೋದವರಿಗೆ ಹೋಗದವರ ಲೆಕ್ಕ ಜ್ವರ ಬಂದವರಲ್ಲಿ 30ಕ್ಕೆ 10, ಬಾರದವರಲ್ಲಿ 30ಕ್ಕೆ 50. ಮೊದಲನೆಯದು 3, ಎರಡನೆಯದು 0.6. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 5. ಇದನ್ನೇ ಆಡ್ಸ್ ರೇಷಿಯೋ ಎನ್ನುವುದು, ಒಂದಕ್ಕಿಂತ ಹೆಚ್ಚಾದಷ್ಟೂ ದರಕಿಗೂ ಜ್ವರಕ್ಕೂ ನಂಟು ಗಟ್ಟಿ. ಈಗ ‘ಕಾಡು’ ಎಂದು ಕೇಳಿದ್ದಕ್ಕೆ ಜ್ವರ ಬಂದವರಲ್ಲಿ 10, ಬಾರದವರಲ್ಲಿ 20 ಜನ ಮಾತ್ರ ಹೌದು ಎಂದರೆ? 10ಕ್ಕೆ 30, 20ಕ್ಕೆ 60, ಎರಡೂ ಒಂದೇ. ಉತ್ತರ 1 ಬರುತ್ತದೆ, ಸಂಬಂಧವೇ ಇಲ್ಲ ಎಂದರ್ಥ. ಒಂದು ಪದ ತಪ್ಪಿದ್ದಕ್ಕೆ ಉಣುಗು ಲೆಕ್ಕದಿಂದಲೇ ಮಾಯ. ಯಾವ ಸಾಫ್ಟ್‌ವೇರೂ ಈ ತಪ್ಪನ್ನು ಹಿಡಿದುಕೊಡುವುದಿಲ್ಲ. ನಾನು ಪ್ರಶ್ನಾವಳಿಯನ್ನು ಪೂರ್ತಿ ಹರಿದು, ಈ ಬಾರಿ ಕನ್ನಡದಲ್ಲೇ ಬರೆದೆ.

ಕರಾವಳಿಯಲ್ಲೂ ಇಂಥವು ಇವೆ. ಬೈತಖೋಲದ ಮೀನುಗಾರರ ರಕ್ತದೊತ್ತಡ ನೋಡಲು ಜನವರಿಯ ಬೆಳಿಗ್ಗೆ ಹೋದರೆ ಗಂಡಸರು ಬೋಟಿನಲ್ಲಿರುತ್ತಾರೆ, ಮನೆಯಲ್ಲಿ ಸಿಕ್ಕವರ ಲೆಕ್ಕ ಇಡೀ ಕೇರಿಯ ಲೆಕ್ಕವಾಗಿಬಿಡುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಷೇಧ, ಆಗ ಸಿಗುತ್ತಾರೆ. ಆದರೆ ಆಗ ದುಡಿಮೆ ಇಲ್ಲ, ಊಟಕ್ಕೆ ಉಪ್ಪು ತುಂಬಿದ ಒಣ ಮೀನು, ರಕ್ತದೊತ್ತಡವೇ ಬೇರೆಯಾಗಿರಬಹುದು. ಯಾವ ತಿಂಗಳು ಆರಿಸಿಕೊಳ್ಳುತ್ತೀರಿ, ಯಾಕೆ? ಪ್ರವೇಶದ ಸಂದರ್ಶನದಲ್ಲಿ ಇಂಥ ಪ್ರಶ್ನೆಯನ್ನು ನೀವೇ ಎತ್ತಿ ಮಾತನಾಡಿ.

ಎಲ್ಲಿ ಓದಬೇಕು? ನಮಗೆ ಹತ್ತಿರ ಮಣಿಪಾಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಿಂದ ಎಂಪಿಎಚ್ ನಡೆಯುತ್ತಿದೆ. ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಲ್ಲೂ ಇದೆ. ಅರ್ಹತೆ, ಶುಲ್ಕ ಒಂದೊಂದು ಕಡೆ ಒಂದೊಂದು ಥರ, ಆ ವರ್ಷದ ಪ್ರಕಟಣೆ ನೋಡಿಯೇ ನಿರ್ಧರಿಸಿ. ಕಟ್ಟಡ, ರ‍್ಯಾಂಕ್ ನೋಡುವುದಕ್ಕಿಂತ ಅಲ್ಲಿ ಓದುತ್ತಿರುವವರಿಗೆ ಫೋನ್ ಮಾಡಿ, ಪ್ರಬಂಧದ ಮಾಹಿತಿಯನ್ನು ಅವರೇ ಹಳ್ಳಿಗೆ ಹೋಗಿ ಸಂಗ್ರಹಿಸಿದರೋ, ಯಾರೋ ಕೊಟ್ಟ ಎಕ್ಸೆಲ್ ಫೈಲಿನಲ್ಲಿ ಮುಗಿಸಿದರೋ ಕೇಳಿ. ಸಂಶೋಧಕಿಯಾಗುವ ಆಸೆಯಿದ್ದರೆ ಎರಡನೆಯ ಥರದ ಕಡೆ ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಕೆಲಸ ಸಿಗುತ್ತದೆ, ಆದರೆ ಬಹುಪಾಲು ಗುತ್ತಿಗೆಯದು. 2004ರಲ್ಲಿ ಶುರುವಾದ ರೋಗ ಕಣ್ಗಾವಲು ಯೋಜನೆಯಡಿ ಜಿಲ್ಲೆಗಳಲ್ಲಿ ಎಪಿಡೆಮಿಯಾಲಜಿಸ್ಟ್ ಹುದ್ದೆಗಳಿವೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪ್ರಾಜೆಕ್ಟುಗಳಿವೆ, ಮುಂದೆ ಪಿಎಚ್‌ಡಿ ಇದೆ. ಮನೆಯಲ್ಲಿ ಸಾಲ ಮಾಡಿ ಓದಿಸುವುದಾದರೆ ಈ ಗುತ್ತಿಗೆಯ ವಿಷಯವನ್ನು ಮೊದಲೇ ಬಿಚ್ಚಿ ಹೇಳಿ.

ಅರ್ಜಿ ಹಾಕುವ ಮುಂಚೆ ನಿಮ್ಮ ಕೇರಿಯ ಆಶಾ ಕಾರ್ಯಕರ್ತೆಯ ಒಪ್ಪಿಗೆ ಕೇಳಿ ಒಂದು ದಿನ ಅವರ ಜೊತೆ ಮನೆಮನೆ ಓಡಾಡಿ. ಯಾವ ಮನೆ ಅವರ ಪುಸ್ತಕದಲ್ಲಿ ಇಲ್ಲ, ಯಾಕಿಲ್ಲ ಎಂದು ನೋಡಿ. ಬಂದರಿನ ಕೆಲಸಕ್ಕೆ ಹೊರಗಿನಿಂದ ಬಂದು ಬಾಡಿಗೆಗಿರುವವರಾ, ಬಾಗಿಲು ಹಾಕಿದ ಮನೆಯಾ? ಯಾಕೆ ಓದಬೇಕೆಂದಿದ್ದೀರಿ ಎಂದು ಅರ್ಜಿಯಲ್ಲಿ ಬರೆಯಲು ಒಂದು ಪುಟ ಕೊಟ್ಟಿರುತ್ತಾರೆ. ಆ ಮನೆಯಿಂದ ಬರೆಯಲು ಶುರುಮಾಡಿ.