ಪೆನ್ಸಿಲ್ ಚಿತ್ರ ಸ್ಕ್ಯಾನ್ ಮಾಡಿದರೆ ಹಾಳೆ ಮಾಸಲಾಗಿ ಬರುತ್ತದೆ, ಬೆಳ್ಳಗೆ ಮಾಡಲು ಹೋದರೆ ತೆಳು ಗೆರೆಗಳು ಮಾಯವಾಗುತ್ತವೆ. ಏನು ಮಾಡಬೇಕು?

ಸ್ಕ್ಯಾನರ್ ಬದಲಿಸಬೇಕೋ ಸಾಫ್ಟ್‌ವೇರ್ ಬದಲಿಸಬೇಕೋ ಎಂದು ಕೇಳಿದ್ದೀರಿ. ಎರಡೂ ಬೇಕಾಗಲಿಕ್ಕಿಲ್ಲ. ಸ್ಕೆಚ್‌ಬುಕ್ಕಿನ ಹಾಳೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕಾಂಟ್ರಾಸ್ಟ್ ಏರಿಸಿದ ಕೂಡಲೇ ಹಾಳೆಯ ಕೊಳೆಯ ಜೊತೆಗೆ ಚಿತ್ರವೂ ತೊಳೆದುಹೋಗುತ್ತದೆ ಎಂದಿದ್ದೀರಲ್ಲ, ಆ ಸಂಕಟ ನನಗೆ ಚೆನ್ನಾಗಿ ಗೊತ್ತು.

ನಮ್ಮ ಅಜ್ಜಿ ಮಲಗಿದ್ದಾಗ ಒಮ್ಮೆ ಅವರ ಕೈಯ ಚಿತ್ರ ಬಿಡಿಸಿದ್ದೆ. ಬೆರಳ ಗೆಣ್ಣುಗಳಿಗೆ ಮೆತ್ತಗಿನ, ಗಾಢವಾಗಿ ಮೂಡುವ 4ಬಿ ಪೆನ್ಸಿಲ್, ಮುಂಗೈ ಮೇಲಿನ ಸಡಿಲ ಚರ್ಮಕ್ಕೆ ಗಟ್ಟಿಯಾದ, ತೆಳುವಾಗಿ ಮೂಡುವ 2ಎಚ್. ನರಗಳನ್ನು ಗೆರೆಯಾಗಿ ಎಳೆದಿರಲಿಲ್ಲ. ಅವುಗಳ ಎರಡೂ ಪಕ್ಕ 2ಎಚ್ ಪೆನ್ಸಿಲ್ಲನ್ನು ಮುಟ್ಟಿಯೂ ಮುಟ್ಟದ ಹಾಗೆ ಆಡಿಸಿ, ನಡುವೆ ಬರೀ ಕಾಗದವನ್ನು ಉಳಿಸಿ, ಉಬ್ಬು ಕಾಣುವ ಹಾಗೆ ಮಾಡಿದ್ದೆ. ಅದನ್ನು ಸ್ಕ್ಯಾನ್ ಮಾಡಿ, ಹಾಳೆ ಅಚ್ಚ ಬಿಳಿಯಾಗುವ ತನಕ ಕಾಂಟ್ರಾಸ್ಟ್ ಏರಿಸಿ, ಜೆಪೆಗ್ ಮಾಡಿಟ್ಟು, ಮೂಲ ಚಿತ್ರವನ್ನು ಸೋದರಮಾವನಿಗೆ ಕೊಟ್ಟೆ. ಎಷ್ಟೋ ತಿಂಗಳ ಮೇಲೆ ಪ್ರಿಂಟ್ ತೆಗೆದು ನೋಡಿದರೆ ಅಲ್ಲಿ ಅಜ್ಜಿಯ ಕೈ ಇರಲಿಲ್ಲ. ನರಗಳಿಲ್ಲ, ಸುಕ್ಕಿಲ್ಲ, ಯಾರದೋ ಕೈಯ ಹೊರಗೆರೆ ಮಾತ್ರ. ಮಾವನಿಂದ ಚಿತ್ರ ವಾಪಸ್ ತರಿಸಿಕೊಂಡು ಮೊದಲಿಂದ ಮಾಡಿದೆ. ಆಗ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಕ್ಯಾನಿಂಗ್. ಸ್ಕ್ಯಾನರ್ ಜೊತೆ ಬರುವ ಸಾಫ್ಟ್‌ವೇರ್‌ಗೆ ನಿಮ್ಮ ಹಾಳೆಯ ಮೇಲಿರುವುದು ಚಿತ್ರ ಎಂದು ಗೊತ್ತಿರುವುದಿಲ್ಲ. ಡಾಕ್ಯುಮೆಂಟ್ ಅಥವಾ ಟೆಕ್ಸ್ಟ್ ಮೋಡ್‌ನಲ್ಲಿ ಬಿಟ್ಟರೆ ಅದು ಅಕ್ಷರಗಳನ್ನು ಕಪ್ಪು ಮಾಡಿ ಉಳಿದದ್ದನ್ನೆಲ್ಲ ಬಿಳಿ ಮಾಡಲು ನೋಡುತ್ತದೆ. ಆದ್ದರಿಂದ ಫೋಟೋ ಮೋಡ್ ಆರಿಸಿ, ಬಣ್ಣ ಗ್ರೇಸ್ಕೇಲ್ ಇಡಿ. ಬ್ಲ್ಯಾಕ್ ಅಂಡ್ ವೈಟ್ ಎಂಬ ಆಯ್ಕೆ ಬೇರೆ, ಅದರಲ್ಲಿ ನಡುವಿನ ಬೂದು ಛಾಯೆ ಒಂದೂ ಇರುವುದಿಲ್ಲ. ಆಟೋ ಎಕ್ಸ್‌ಪೋಷರ್, ಆಟೋ ಕಾಂಟ್ರಾಸ್ಟ್, ಶಾರ್ಪನಿಂಗ್, ಧೂಳು ತೆಗೆಯುವ ಆಯ್ಕೆ, ಎಲ್ಲವನ್ನೂ ಆಫ್ ಮಾಡಿ. ಧೂಳು ತೆಗೆಯುವ ಆಯ್ಕೆಗೆ ಪೆನ್ಸಿಲ್ ಚುಕ್ಕೆಯೂ ಧೂಳೇ. ಸ್ಕ್ಯಾನ್ ಆಗಿ ಬಂದ ಚಿತ್ರ ಕಳಾಹೀನವಾಗಿ, ಮಂಕಾಗಿ ಕಂಡರೆ ಗಾಬರಿಯಾಗಬೇಡಿ, ಹಾಗೆಯೇ ಇರಬೇಕು. ಆ ಮಂಕಿನಲ್ಲಿ ಎಲ್ಲ ಛಾಯೆಯೂ ಉಳಿದಿದೆ ಎಂದು ಅರ್ಥ. ಸ್ಕ್ಯಾನರ್ ಒಮ್ಮೆ ಬಿಳಿ ಮಾಡಿ ಕೊಟ್ಟ ಜಾಗದಿಂದ ಯಾವ ಸಾಫ್ಟ್‌ವೇರೂ ಗೆರೆಯನ್ನು ಮರಳಿ ತರಲಾರದು.

ರೆಸಲ್ಯೂಷನ್ ವಿಷಯದಲ್ಲಿ ತುಂಬಾ ತಲೆ ಕೆಡಿಸಿಕೊಳ್ಳುವುದು ಬೇಡ. ಅದೇ ಅಳತೆಯ ಪ್ರಿಂಟ್‌ಗೆ 300 ಡಿಪಿಐ (ಇಂಚಿಗೆ 300 ಬಿಂದು) ಸಾಕು. ಆದರೂ ನಾನು 600ರಲ್ಲಿ ಮಾಡುತ್ತೇನೆ, ಏಕೆಂದರೆ ಕೊಳೆ ತೆಗೆಯುವಾಗ ಧೂಳಿನ ಕಣ ಯಾವುದು, ಪೆನ್ಸಿಲ್ ಕಣ ಯಾವುದು ಎಂದು ಬಿಡಿಸಿ ನೋಡಬಹುದು. ಎ4 ಹಾಳೆ 600 ಡಿಪಿಐನಲ್ಲಿ 4960 × 7016 ಪಿಕ್ಸೆಲ್ ಆಗುತ್ತದೆ, ಸಾಧಾರಣ ಕಂಪ್ಯೂಟರಿಗೆ ಇದೇನೂ ಭಾರವಲ್ಲ. 16 ಬಿಟ್ ಗ್ರೇಸ್ಕೇಲ್ ಇದ್ದರೆ ಅದನ್ನೇ ಆರಿಸಿ. 8 ಬಿಟ್‌ನಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವುದು 256 ಮೆಟ್ಟಿಲು ಮಾತ್ರ, ಆಮೇಲೆ ಛಾಯೆಗಳನ್ನು ಹಿಗ್ಗಿಸಿದಾಗ ನಯವಾದ ಶೇಡಿಂಗ್ ಪಟ್ಟೆ ಪಟ್ಟೆಯಾಗಬಹುದು. 16 ಬಿಟ್‌ನಲ್ಲಿ 65,536 ಮೆಟ್ಟಿಲಿರುವುದರಿಂದ ಆ ಭಯವಿಲ್ಲ.

ಗಾಜನ್ನು ಪ್ರತಿ ಹಾಳೆಗೂ ಒರೆಸಿ. ಪೆನ್ಸಿಲ್ ಪುಡಿ ಗಾಜಿಗೆ ಅಂಟಿ ಮುಂದಿನ ಹಾಳೆಯ ಅದೇ ಜಾಗದಲ್ಲಿ ಕಲೆಯಾಗಿ ಕಾಣುತ್ತದೆ. ಹಾಳೆಯನ್ನು ಗಾಜಿನ ಮೇಲೆ ಜಾರಿಸಬೇಡಿ, ಮೇಲಿಂದ ಇಟ್ಟು ಮೇಲಕ್ಕೇ ಎತ್ತಿ. ಹಾಳೆಯನ್ನು ತಾನೇ ಎಳೆದುಕೊಳ್ಳುವ ಫೀಡರ್‌ಗೆ ಮಾತ್ರ ಪೆನ್ಸಿಲ್ ಚಿತ್ರವನ್ನು ಎಂದೂ ಹಾಕಬೇಡಿ, ರೋಲರ್ ಚಿತ್ರದ ಮೈಮೇಲೆಲ್ಲ ಮಸಿ ಬಳಿಯುತ್ತದೆ. ಹಾಳೆಯ ಹಿಂದೆಯೂ ಚಿತ್ರವಿದ್ದು ಅದು ಮುಂದಕ್ಕೆ ಇಣುಕುತ್ತಿದ್ದರೆ ಬೆನ್ನಿಗೆ ಒಂದು ಕಪ್ಪು ಕಾಗದ ಇಟ್ಟು ಸ್ಕ್ಯಾನ್ ಮಾಡಿ. ಹಾಳೆ ಒಟ್ಟಾರೆ ಸ್ವಲ್ಪ ಕಪ್ಪಾಗುತ್ತದೆ, ಆದರೆ ಹಿಂದಿನ ಚಿತ್ರ ಅಡಗುತ್ತದೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಕಾಂಟ್ರಾಸ್ಟ್ ಸ್ಲೈಡರ್ ಕಡೆ ಹೋಗಲೇಬೇಡಿ. ಚಿತ್ರ ತಿದ್ದುವ ಸಾಫ್ಟ್‌ವೇರ್‌ಗಳಾದ ಗಿಂಪ್, ಕ್ರಿಟಾ, ಫೋಟೋಶಾಪ್ ಮೂರರಲ್ಲೂ ಲೆವೆಲ್ಸ್ ಎಂಬುದಿದೆ. ಮೊದಲೆರಡು ಉಚಿತ, ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಲೆವೆಲ್ಸ್ ತೆರೆದರೆ ಬೆಟ್ಟದ ಸಾಲಿನಂಥ ಒಂದು ಹಿಸ್ಟೋಗ್ರಾಂ ಕಾಣುತ್ತದೆ. ಯಾವ ಛಾಯೆ ಎಷ್ಟಿದೆ ಎಂದು ತೋರಿಸುವ ನಕ್ಷೆ ಅದು, ಎಡ ತುದಿ ಕಪ್ಪು (0), ಬಲ ತುದಿ ಬಿಳಿ (255). ಅದರ ಕೆಳಗೆ ಸರಿಸಬಹುದಾದ ಮೂರು ತ್ರಿಕೋನಗಳಿರುತ್ತವೆ: ಎಡಕ್ಕೆ ಕಪ್ಪು, ನಡುವೆ ಒಂದು, ಬಲಕ್ಕೆ ಬಿಳಿ. ಪೆನ್ಸಿಲ್ ಚಿತ್ರದಲ್ಲಿ ಬಲಗಡೆ ಒಂದೇ ಒಂದು ಎತ್ತರದ ಗುಡ್ಡ ಇರುತ್ತದೆ, ಅದು ನಿಮ್ಮ ಕಾಗದ. ನನ್ನ ಹಾಳೆಗಳಲ್ಲಿ ಅದರ ತುದಿ ಸಾಮಾನ್ಯವಾಗಿ 225ರಿಂದ 240ರ ನಡುವೆ ಬರುತ್ತದೆ. ಗುಡ್ಡದ ಎಡಕ್ಕೆ ಇಳಿಜಾರು, ಆಮೇಲೆ ಕಪ್ಪಿನ ಕಡೆಗೆ ಉದ್ದನೆಯ ಸಣ್ಣ ಬಾಲ. ಬಾಲದಲ್ಲಿರುವುದು ನಿಮ್ಮ ಗಾಢ ಗೆರೆಗಳು. ಆ ಎಡ ಇಳಿಜಾರನ್ನು ಸರಿಯಾಗಿ ನೋಡಿ. ಹಾಳೆಯ ತರಿಯ ನೆರಳೂ ಅಲ್ಲಿಯೇ, ನಿಮ್ಮ 2ಎಚ್ ಗೆರೆಗಳೂ ಅಲ್ಲಿಯೇ, ಎರಡೂ ಒಂದರೊಳಗೊಂದು ಬೆರೆತು ಕೂತಿವೆ. ನನ್ನ ಅಜ್ಜಿಯ ಕೈಯ ನರಗಳು ಇದ್ದದ್ದೂ ಅದೇ ಇಳಿಜಾರಿನಲ್ಲಿ.

ಬಿಳಿ ತ್ರಿಕೋನವನ್ನು ಗುಡ್ಡದ ಎಡ ಬುಡಕ್ಕೆ ತಂದರೆ ಹಾಳೆ ಫಳಫಳ ಬೆಳ್ಳಗಾಗುತ್ತದೆ, ಇಳಿಜಾರು ಪೂರ್ತಿ ನುಂಗಿಹೋಗುತ್ತದೆ. ನಾನು ಮಾಡಿದ್ದು ಅದು, ನೀವೂ ಕಾಂಟ್ರಾಸ್ಟ್ ಏರಿಸಿ ಮಾಡುತ್ತಿರುವುದು ಬಹುಶಃ ಅದೇ. ತ್ರಿಕೋನವನ್ನು ಗುಡ್ಡದ ತುದಿಯಲ್ಲೇ ನಿಲ್ಲಿಸಿ, ಅಥವಾ ತುದಿಗಿಂತ ಒಂದು ಕೂದಲೆಳೆ ಬಲಕ್ಕೆ. ಹಾಳೆ ಅಚ್ಚ ಬಿಳಿ ಆಗುವುದಿಲ್ಲ, ಹಾಲಿನಂಥ ಬಿಳಿಯಾಗಿ ಅಲ್ಲಲ್ಲಿ ತರಿ ಉಳಿಯುತ್ತದೆ. ಉಳಿಯಲಿ. ಕಪ್ಪು ತ್ರಿಕೋನವನ್ನು ಬಾಲದ ಎಡ ತುದಿಯ ಹತ್ತಿರಕ್ಕೆ ತನ್ನಿ, ಆದರೆ ಪೂರ್ತಿ ಮುಟ್ಟಿಸಬೇಡಿ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ನಿಜವಾಗಿ ಕಡುಗಪ್ಪು ಅಲ್ಲ, ಅದನ್ನು ಸೊನ್ನೆಗೆ ಇಳಿಸಿದರೆ ಇಂಕಿನಲ್ಲಿ ಬರೆದ ಹಾಗೆ ಕಾಣುತ್ತದೆ. ಅತಿ ಗಾಢ ಜಾಗ 20–30ರ ಹತ್ತಿರ ನಿಂತರೆ ನನ್ನ ಕಣ್ಣಿಗೆ ಪೆನ್ಸಿಲ್ ಪೆನ್ಸಿಲ್ಲಾಗಿಯೇ ಉಳಿದಿರುತ್ತದೆ. ತೆಳು ಛಾಯೆಗಳು ಇನ್ನೂ ಸ್ವಲ್ಪ ಎದ್ದು ಕಾಣಬೇಕು ಎನ್ನಿಸಿದರೆ ನಡುವಿನ ತ್ರಿಕೋನವನ್ನು ತುಸು ಬಲಕ್ಕೆ ಸರಿಸಿ.

ಹಾಗಾದರೆ ಅಚ್ಚ ಬಿಳಿ ಹಿನ್ನೆಲೆ ಬೇಕೆಂದರೆ? ಅದನ್ನು ಲೆವೆಲ್ಸ್‌ನಿಂದ ಮಾಡಿಸಬೇಡಿ, ಕೈಯಿಂದ ಮಾಡಿ. ಮೇಲೊಂದು ಖಾಲಿ ಲೇಯರ್ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಹಾಳೆಯಂಥದ್ದು) ಹಾಕಿ, ಅಂಚು ಪೂರ್ತಿ ಮೃದುವಾಗಿರುವ ದೊಡ್ಡ ಬ್ರಷ್ ಹಿಡಿದು, ಚಿತ್ರದ ಹೊರಗಿನ ಖಾಲಿ ಜಾಗಕ್ಕೆ ಬಿಳಿ ಬಳಿಯಿರಿ. ಗೆರೆಯಿಂದ ಒಂದು ಬೆರಳು ದೂರದಲ್ಲೇ ನಿಲ್ಲಿ. ಒಳಗಿನ ಹಾಲುಬಿಳಿ ಹೊರಗಿನ ಅಚ್ಚ ಬಿಳಿಗೆ ಯಾವಾಗ ಕರಗಿತು ಎಂದು ಯಾರಿಗೂ ತಿಳಿಯುವುದಿಲ್ಲ. ಒಂದು ಚಿತ್ರಕ್ಕೆ ಹತ್ತು ನಿಮಿಷ ಹಿಡಿಯಬಹುದು. ಯಾವುದು ಚಿತ್ರ, ಯಾವುದು ಬರೀ ಹಾಳೆ ಎನ್ನುವುದು ಬಿಡಿಸಿದ ನಿಮಗೆ ಗೊತ್ತು, ಸ್ಲೈಡರ್‌ಗೆ ಗೊತ್ತಿಲ್ಲ. ಇಷ್ಟು ಬರೆದದ್ದರಲ್ಲಿ ಯಾವುದಾದರೂ ಒಂದನ್ನೇ ಪ್ರಯತ್ನಿಸುವುದಾದರೆ ಇದನ್ನು ಪ್ರಯತ್ನಿಸಿ.

ಕೊಳೆ ಕಣ್ಣಿಗೆ ಬೀಳದೆ ಉಳಿದು ಪ್ರಿಂಟ್‌ನಲ್ಲಿ ಎದ್ದು ಕಾಣುವುದುಂಟು. ಅದಕ್ಕೊಂದು ಉಪಾಯ: ತಾತ್ಕಾಲಿಕವಾಗಿ ಲೆವೆಲ್ಸ್‌ನ ಕಪ್ಪು ತ್ರಿಕೋನವನ್ನು 200ರ ತನಕ ಎಳೆದುಬಿಡಿ. ಚಿತ್ರ ಭೀಕರವಾಗಿ ಕಾಣುತ್ತದೆ, ಆದರೆ ಅಂಗೈ ಒರೆಸಿದ ಗುರುತು, ರಬ್ಬರಿನ ಪುಡಿ, ಬೆರಳಚ್ಚು ಎಲ್ಲವೂ ಕಪ್ಪಾಗಿ ಮೇಲೇಳುತ್ತವೆ. ಎಲ್ಲೆಲ್ಲಿವೆ ಎಂದು ನೋಡಿಕೊಂಡು ತ್ರಿಕೋನವನ್ನು ಹಿಂದಕ್ಕೆ ಬಿಟ್ಟು, ಪಕ್ಕದ ಹಾಳೆಯ ತುಣುಕನ್ನು ಕಲೆಯ ಮೇಲೆ ನಕಲು ಮಾಡುವ ಹೀಲ್ ಅಥವಾ ಕ್ಲೋನ್ ಟೂಲಿನಿಂದ ತೆಗೆಯಿರಿ. ಮೊದಲು ಗೀಚಿ ಅಳಿಸಿದ ಕರಡು ಗೆರೆಗಳೂ ಆಗ ಕಾಣುತ್ತವೆ. ಅವನ್ನು ನಾನು ಬಹಳ ಸಲ ಹಾಗೇ ಬಿಡುತ್ತೇನೆ. ಕೈ ದಾರಿ ಹುಡುಕಿದ ಗುರುತು ಅದು, ಕೊಳೆಯಲ್ಲ.

ಹಾಳೆಯ ಒಂದು ಮೂಲೆ ಕಪ್ಪು, ಇನ್ನೊಂದು ಮೂಲೆ ಬಿಳುಪು ಎಂಬಂತಿದ್ದರೆ, ಫೋಟೋ ತೆಗೆದಾಗ ಇದು ಸಾಮಾನ್ಯ, ಲೇಯರ್‌ನ ನಕಲು ಮಾಡಿ, ಅದಕ್ಕೆ ನೂರಿನ್ನೂರು ಪಿಕ್ಸೆಲ್‌ನ ಗಾಸಿಯನ್ ಬ್ಲರ್ (ಚಿತ್ರವನ್ನು ಮಸುಕು ಮಾಡುವ ಫಿಲ್ಟರ್) ಕೊಟ್ಟು, ಕೆಳಗಿನ ಲೇಯರ್ ಜೊತೆ ಅದು ಬೆರೆಯುವ ಮೋಡನ್ನು ಡಿವೈಡ್‌ಗೆ ಬದಲಿಸಿ. ಪ್ರತಿ ಬಿಂದುವನ್ನೂ ಅದರ ಸುತ್ತಲಿನ ಸರಾಸರಿ ಬೆಳಕಿನಿಂದ ಭಾಗಿಸಿದಂತಾಗಿ ಹಾಳೆ ಎಲ್ಲ ಕಡೆ ಒಂದೇ ಸಮ ಆಗುತ್ತದೆ. ಬರೀ ಗೆರೆಯ ಚಿತ್ರಕ್ಕೆ ಇದು ಬಹಳ ಚೆನ್ನಾಗಿ ಕೂರುತ್ತದೆ. ಆದರೆ ದಟ್ಟ ಶೇಡಿಂಗ್ ಇರುವ ಚಿತ್ರಕ್ಕೆ ಬೇಡ. ಕಪ್ಪು ಕೂದಲಿನ ರಾಶಿಯ ಸುತ್ತಲೂ ಕಪ್ಪೇ ಇರುವುದರಿಂದ ಭಾಗಿಸಿದಾಗ ನಡುಭಾಗ ಬೆಳ್ಳಗಾಗಿ, ಅಂಚು ಮಾತ್ರ ಕಪ್ಪಾಗಿ ಉಳಿಯುತ್ತದೆ.

ಹಳದಿಗೆ ತಿರುಗಿದ ಹಳೇ ಹಾಳೆಯಾದರೆ ಗ್ರೇಸ್ಕೇಲ್ ಬಿಟ್ಟು ಕಲರ್‌ನಲ್ಲಿ ಸ್ಕ್ಯಾನ್ ಮಾಡಿ. ಕಲರ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಬೆಳಕಿಗೆ ಬೇರೆ ಬೇರೆ ಚಾನೆಲ್ ಇರುತ್ತದೆ, ಅದರಲ್ಲಿ ಕೆಂಪು ಚಾನೆಲ್ ಒಂದನ್ನೇ ತೆಗೆದುಕೊಳ್ಳಿ. ಹಳದಿ ಕಲೆ ನೀಲಿ ಬೆಳಕನ್ನು ಹೀರುತ್ತದೆ, ಕೆಂಪನ್ನು ಅಷ್ಟಾಗಿ ಹೀರುವುದಿಲ್ಲ, ಹಾಗಾಗಿ ಕೆಂಪು ಚಾನೆಲ್‌ನಲ್ಲಿ ಕಲೆ ಬಹುಮಟ್ಟಿಗೆ ಮಾಯವಾಗುತ್ತದೆ. ಗ್ರಾಫೈಟ್ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಹೀರುವುದರಿಂದ ಅದು ಹಾಗೇ ನಿಲ್ಲುತ್ತದೆ. ತಿಳಿನೀಲಿ ಪೆನ್ಸಿಲ್‌ನಲ್ಲಿ ಕರಡು ಹಾಕುವವರಿಗೆ ಇದರ ತಿರುಗಾಮುರುಗಾ: ನೀಲಿ ಚಾನೆಲ್ ತೆಗೆದುಕೊಂಡರೆ ನೀಲಿ ಗೆರೆ ಹಾಳೆಯಲ್ಲಿ ಕರಗಿಹೋಗುತ್ತದೆ.

ಫೋನಿನಲ್ಲಿ ಆಗುತ್ತದೆಯೇ ಎಂದೂ ಕೇಳಿದ್ದೀರಿ. ಆಗುತ್ತದೆ, ಆದರೆ ಸ್ಕ್ಯಾನ್ ಮಾಡುವ ಆ್ಯಪ್‌ಗಳ ಡಾಕ್ಯುಮೆಂಟ್ ಫಿಲ್ಟರ್ ಬೇಡ, ಅವೂ ಅಕ್ಷರಕ್ಕಾಗಿಯೇ ಇರುವಂಥವು. ನೇರ ಬಿಸಿಲು ಬೀಳದ ಕಿಟಕಿಯ ಬಳಿ ಹಾಳೆ ಇಟ್ಟು, ಸ್ವಲ್ಪ ದೂರ ನಿಂತು 2 ಪಟ್ಟು ಜೂಮ್‌ನಲ್ಲಿ ತೆಗೆಯಿರಿ, ಹತ್ತಿರ ಹೋದಷ್ಟೂ ಚಿತ್ರದ ಆಕಾರ ಕೆಡುತ್ತದೆ. ಕ್ಯಾಮೆರಾ ಬಿಳಿ ಹಾಳೆಯನ್ನು ಬೂದು ಎಂದೇ ಅಂದಾಜು ಮಾಡುತ್ತದೆ, ಎಕ್ಸ್‌ಪೋಷರ್ ಸ್ವಲ್ಪ ಏರಿಸಿ. 6ಬಿ, 8ಬಿಯಲ್ಲಿ ಒತ್ತಿ ತುಂಬಿದ ಜಾಗ ಕನ್ನಡಿಯಂತೆ ಹೊಳೆದರೆ ಬೆಳಕು ಪಕ್ಕದಿಂದ, ಸುಮಾರು 45 ಡಿಗ್ರಿ ಓರೆಯಾಗಿ ಬೀಳುವ ಹಾಗೆ ಹಾಳೆಯನ್ನು ತಿರುಗಿಸಿ ನೋಡಿ. ಗ್ರಾಫೈಟಿನ ಪದರಗಳು ಒತ್ತಿದಷ್ಟೂ ಚಪ್ಪಟೆಯಾಗಿ ಮಲಗುವುದರಿಂದ ಆ ಹೊಳಪು ಬರುವುದು.

ಉಳಿಸುವಾಗ ಮೂಲ ಸ್ಕ್ಯಾನನ್ನು ಟಿಫ್ ಅಥವಾ ಪಿಎನ್‌ಜಿಯಲ್ಲಿ ಮುಟ್ಟದೆ ಬೇರೆ ಇಡಿ, ತಿದ್ದುವುದೆಲ್ಲ ನಕಲಿನ ಮೇಲೆ. ಜೆಪೆಗ್ ಹಂಚಲು ಮಾತ್ರ. ಅಜ್ಜಿಯ ಕೈಯ ಎರಡನೇ ಸ್ಕ್ಯಾನ್ ಹೀಗೆ ಇಟ್ಟಿದ್ದೇನೆ, ನರಗಳು ಒಂದೊಂದೂ ಇವೆ. ನೀವು ಈಗಾಗಲೇ ಕಾಂಟ್ರಾಸ್ಟ್ ಏರಿಸಿ ಸೇವ್ ಮಾಡಿರುವ ಫೈಲ್‌ಗಳನ್ನು ರಿಪೇರಿ ಮಾಡುತ್ತ ಕೂರಬೇಡಿ. ಸ್ಕೆಚ್‌ಬುಕ್ ನಿಮ್ಮ ಕೈಯಲ್ಲೇ ಇದೆಯಲ್ಲ, ಮತ್ತೆ ಸ್ಕ್ಯಾನ್ ಮಾಡಿ. ಅತಿ ತೆಳುವಾದ ಗೆರೆಗಳಿರುವ ಚಿತ್ರದಿಂದಲೇ ಶುರು ಮಾಡಿ. ಅದಕ್ಕೆ ಹೊಂದುವ ಸೆಟ್ಟಿಂಗ್ ಸಿಕ್ಕರೆ, ಅದೇ ಪುಸ್ತಕದ ಉಳಿದ ಹಾಳೆಗಳಿಗೂ ಸ್ಕ್ಯಾನರಿನ ಅದೇ ಅಂಕಿಗಳು ನಡೆಯುತ್ತವೆ.