ಪಿಕಪ್ ವೈರ್ ಕೇಳುವಾಗ ನಂಬರ್ ಹೇಳಬೇಡಿ, ಮಿಲಿಮೀಟರ್ ಹೇಳಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಗದಗದಲ್ಲಿ ಸೆಕೆಂಡ್ ಹ್ಯಾಂಡ್ ಸ್ಟ್ರಾಟ್ (ಫೆಂಡರ್ ಅನ್ನೋ ಅಮೆರಿಕದ ಕಂಪನಿಯ ಸ್ಟ್ರಾಟೋಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್ ತಗೊಂಡಿದ್ದೀರಿ. ಮೂರು ಪಿಕಪ್‌ನಲ್ಲಿ ಮಧ್ಯದ್ದು ಸತ್ತಿದೆ. ಪಿಕಪ್ ಅಂದರೆ ತಂತಿಗಳ ಕೆಳಗಿರುವ, ಮ್ಯಾಗ್ನೆಟ್ ಸುತ್ತ ತಾಮ್ರದ ವೈರ್ ಸುತ್ತಿದ ಭಾಗ, ತಂತಿಯ ಅದುರನ್ನು ಕರೆಂಟಿನ ಸಿಗ್ನಲ್ ಮಾಡುವುದು ಅದೇ. ಅದನ್ನು ನೀವೇ ಸುತ್ತಬೇಕು ಅಂತ ಆಸೆ. ಹುಬ್ಬಳ್ಳಿಗೆ ಬಂದು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ 42 ನಂಬರ್ ತಾಮ್ರದ ವೈರ್ ಕೇಳಿದರೆ ಸಾಕಾ, ಮ್ಯಾಗ್ನೆಟ್ ಯಾವುದು, ಉಳಿದ ಸಾಮಾನು ಇಲ್ಲೇ ಸಿಗುತ್ತಾ, ಇದನ್ನು ಕೇಳಿದ್ದೀರಿ.

ವೈರ್ ವಿಷಯದಲ್ಲಿ ಹಾಗೆ ಕೇಳಿದರೆ ಕೆಲಸ ಕೆಡುತ್ತೆ. ಇಂಟರ್ನೆಟ್ಟಲ್ಲಿ ಎಲ್ಲರೂ ಹೇಳುವ 42 ಅಮೆರಿಕದ ಗೇಜು (ವೈರ್ ದಪ್ಪಕ್ಕೆ ಕೊಡುವ ನಂಬರ್), ಎ.ಡಬ್ಲ್ಯು.ಜಿ. ಅದರಲ್ಲಿ ತಾಮ್ರದ ದಪ್ಪ ಸುಮಾರು 0.063 ಮಿ.ಮೀ. ನಮ್ಮ ಕಡೆ ಪಂಪ್‌ಸೆಟ್ ಮೋಟರ್, ಫ್ಯಾನ್ ಸುತ್ತುವವರು ಬಳಸುವುದು ಎಸ್.ಡಬ್ಲ್ಯು.ಜಿ, ಬ್ರಿಟಿಷರ ಗೇಜು. ಅದರಲ್ಲಿ 42 ಅಂದರೆ 0.1 ಮಿ.ಮೀ. ಅಂಗಡಿಯವನು "ಎಷ್ಟ ನಂಬರ್ ಬೇಕ್ರಿ?" ಅಂತಾನೆ, ನೀವು 42 ಅಂತೀರಿ, ಅವನು ಸರಿಯಾಗಿಯೇ ತನ್ನ 42 ಕೊಡುತ್ತಾನೆ, ನೀವು ಮನೆಗೆ ಬಂದು ಸುತ್ತಲು ಕೂತರೆ ಮೂರು ಸಾವಿರ ಸುತ್ತು ಆಗುವಷ್ಟರಲ್ಲಿ ಬಾಬಿನ್ (ವೈರ್ ಸುತ್ತುವ ಚೌಕಟ್ಟು) ತುಂಬಿ ಹೋಗಿರುತ್ತೆ. ಸ್ಟ್ರಾಟ್ ಪಿಕಪ್‌ಗೆ ಬೇಕಾದದ್ದು 7,600ರಿಂದ 8,000 ಸುತ್ತು. ಸುತ್ತು ಕಡಿಮೆಯಾದಂತೆ ಸಿಗ್ನಲ್ಲೂ ಕಡಿಮೆ. ಆಂಪ್ ಎಷ್ಟು ಏರಿಸಿದರೂ ಆ ಪಿಕಪ್ ಪಕ್ಕದ ಎರಡರ ಜೊತೆ ಕೂಡುವುದಿಲ್ಲ.

ಬ್ರಿಟಿಷ್ ಗೇಜಿನಲ್ಲಿ ನಿಮಗೆ ಹತ್ತಿರದ್ದು 46, ಅಂದರೆ 0.061 ಮಿ.ಮೀ. ಇದು ಧಾರಾಳವಾಗಿ ನಡೆಯುತ್ತೆ. 47 ಅಂದರೆ 0.051, ಅದು ಅಮೆರಿಕದ 44ಕ್ಕೆ ಸಮ, ತುಂಡಾಗುವುದು ಜಾಸ್ತಿ, ಮೊದಲ ಸಲಕ್ಕೆ ಬೇಡ. ನಂಬರ್ ಗಲಾಟೆಯೇ ಬೇಡ ಅಂದರೆ "ಪಾಯಿಂಟ್ ಸೊನ್ನೆ ಆರು ಎಂ.ಎಂ." ಅಂತ ಕೇಳಿ. ಮೋಟರ್ ಸುತ್ತುವವರ ಬಳಿ ಇಷ್ಟು ಸಣ್ಣದು ಸಾಮಾನ್ಯವಾಗಿ ಇರುವುದಿಲ್ಲ, ಅವರ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಸಣ್ಣ ರಿಲೇ ಕಾಯಿಲ್‌ಗೆ ವೈರ್ ಮಾರುವವರು ಬೇಕು. ಬೆಂಗಳೂರಿನ ಎಸ್.ಪಿ. ರೋಡ್, ಮುಂಬೈಯ ಲ್ಯಾಮಿಂಗ್ಟನ್ ರೋಡ್ ಕಡೆ ಹೋಗುವವರು ಯಾರಾದರೂ ಇದ್ದರೆ ಅವರಿಗೆ ಹೇಳಿ, ಇಲ್ಲವೇ ಆನ್‌ಲೈನ್ ತರಿಸಿ. ಒಂದು ಪಿಕಪ್‌ಗೆ ಸುಮಾರು 1,100 ಮೀಟರ್ ವೈರ್ ಹೋಗುತ್ತೆ, ಆದರೆ ತೂಕ ಬರೀ 30 ಗ್ರಾಂ. ಹಾಗಾಗಿ 100 ಗ್ರಾಂ ರೀಲ್ ತಂದರೆ ಮೂರು ಸಲ ಸುತ್ತಬಹುದು. ಕೆ.ಜಿ. ಲೆಕ್ಕದಲ್ಲಿ ಕೊಳ್ಳಲು ಹೋಗಬೇಡಿ.

ಬಂದ ವೈರ್ ಹೇಳಿದ ದಪ್ಪದ್ದೇನಾ ಅಂತ ಅಳೆಯಬೇಕು. ವರ್ನಿಯರ್‌ನಿಂದ ಇದು ಆಗುವುದಿಲ್ಲ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಯಾವುದಾದರೂ ಲೇಥ್ ಅಂಗಡಿಗೆ ಹೋಗಿ, ಮೈಕ್ರೋಮೀಟರ್ ಇರುತ್ತೆ, ಮರ್ಯಾದೆಯಿಂದ ಕೇಳಿದರೆ ಅಳೆದು ಕೊಡುತ್ತಾರೆ. ಮೇಲಿನ ಎನಾಮಲ್ (ಕರೆಂಟ್ ತಡೆಯುವ ತೆಳು ಲೇಪ) ಸೇರಿ 0.07ರ ಆಸುಪಾಸು ಬಂದರೆ ಸರಿ.

ಎನಾಮಲ್‌ನಲ್ಲೂ ಬಗೆಗಳಿವೆ. ಹಳೇ ಫೆಂಡರ್‌ನಲ್ಲಿದ್ದ ಫಾರ್ಮ್‌ವಾರ್, ಪ್ಲೇನ್ ಎನಾಮಲ್ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಕೋಟಿಂಗ್ ದಪ್ಪ ಬದಲಾದರೆ ಸುತ್ತುಗಳ ನಡುವಿನ ಕೆಪ್ಯಾಸಿಟನ್ಸ್ ಸ್ವಲ್ಪ ಬದಲಾಗುತ್ತೆ, ಅದು ನಿಜ. ಆದರೆ ನಿಮಗೆ ಮುಖ್ಯವಾದದ್ದು ಸೋಲ್ಡರ್ ಹಿಡಿಯುತ್ತಾ ಅನ್ನೋದು. ಪಾಲಿಯುರೆಥೇನ್ ಕೋಟಿಂಗ್ ಇರುವುದನ್ನೇ ಕೇಳಿ, ಸೋಲ್ಡರೆಬಲ್ ಅಂತ ಮಾರುತ್ತಾರೆ. ಬಿಸಿ ಐರನ್ ಮುಟ್ಟಿಸಿದರೆ ಕೋಟಿಂಗ್ ತಾನೇ ಕರಗುತ್ತೆ. ಬೇರೆಯದಾದರೆ ಕೆರೆಯಬೇಕು, ಕೂದಲಿಗಿಂತ ತೆಳು ವೈರನ್ನು ಕೆರೆಯೋದು ಅಂದರೆ ಅರ್ಧ ಸಲ ಕೈಯಲ್ಲಿ ತುಂಡೇ ಉಳಿಯೋದು.

ಇಷ್ಟೆಲ್ಲ ಹೇಳಿದೆ, ಆದರೆ ವೈರ್ ಕೊಳ್ಳುವ ಮೊದಲು ಪಿಕಪ್ ನಿಜವಾಗಿ ಸತ್ತಿದೆಯಾ ನೋಡಿ. ಅದರ ಎರಡು ವೈರ್ ಬಿಡಿಸಿ ಮಲ್ಟಿಮೀಟರನ್ನು 20 ಕಿಲೋ ಓಮ್‌ಗೆ ಇಟ್ಟು ಅಳೆಯಿರಿ. 5.5ರಿಂದ 6.5 ಬಂದರೆ ಕಾಯಿಲ್ ಚೆನ್ನಾಗಿದೆ, ತಪ್ಪು ಸ್ವಿಚ್‌ನಲ್ಲೋ ಬೆಸುಗೆಯಲ್ಲೋ ಇದೆ. ಏನೂ ತೋರಿಸದಿದ್ದರೆ ಎಲ್ಲೋ ಹರಿದಿದೆ. ನನ್ನ ಟೇಬಲ್ಲಿಗೆ ಬರುವ ಆರ್ಕೆಸ್ಟ್ರಾದವರ, ಚರ್ಚ್ ಬ್ಯಾಂಡಿನ ಹುಡುಗರ ಗಿಟಾರುಗಳಲ್ಲಿ ಅದು ಹೆಚ್ಚಾಗಿ ಹರಿದಿರೋದು ತುದಿಯಲ್ಲೇ, ದಪ್ಪ ವೈರಿಗೆ ಬೆಸೆದ ಜಾಗದಲ್ಲಿ. ಟೇಪ್ ನಿಧಾನ ಬಿಡಿಸಿ, ಹೊರಗಿನ ತುದಿ ಹುಡುಕಿ, ಒಂದೆರಡು ಸುತ್ತು ಬಿಚ್ಚಿ ಮತ್ತೆ ಬೆಸೆದರೆ ಮುಗಿಯಿತು. ಒಳಗಿನ ತುದಿ ಬುಡದಲ್ಲೇ ಹರಿದಿದ್ದರೆ ಮಾತ್ರ ಪೂರ್ತಿ ಸುತ್ತಬೇಕು. ಇನ್ನೊಂದು, ಮೇ ತಿಂಗಳ ಗದಗಿನಲ್ಲಿ ಅಳೆದ ರೀಡಿಂಗು, ಡಿಸೆಂಬರ್ ಬೆಳಗಿನದು ಒಂದೇ ಇರೋದಿಲ್ಲ. ಒಂದು ಡಿಗ್ರಿಗೆ ತಾಮ್ರದ ರೆಸಿಸ್ಟೆನ್ಸ್ 0.39 ಶೇಕಡಾ ಏರುತ್ತೆ, 20 ಡಿಗ್ರಿಯಲ್ಲಿ 6 ಇದ್ದದ್ದು 35ರಲ್ಲಿ 6.35 ಆಗುತ್ತೆ. ಅದಕ್ಕೇ "ನನ್ನದು 6.3, ನಿನ್ನದು 6" ಅಂತ ಜಂಬ ಕೊಚ್ಚುವವರನ್ನು ಕಂಡರೆ ನನಗೆ ನಗು. ತೆಳು ವೈರ್ ಹಾಕಿದರೆ ಅಷ್ಟೇ ಸುತ್ತಿಗೂ ಓಮ್ ಜಾಸ್ತಿ ಬರುತ್ತೆ, ಅದರಿಂದ ದನಿ ಜೋರಾಗೋದಿಲ್ಲ.

ಈಗ ಮ್ಯಾಗ್ನೆಟ್. ಮೊದಲು ನಿಮ್ಮ ಪಿಕಪ್ ತಿರುಗಿಸಿ ನೋಡಿ. ಅಡಿಯಲ್ಲಿ ಒಂದು ಕಪ್ಪು ಪಟ್ಟಿ ಅಂಟಿಸಿದ್ದರೆ ಅದು ಫೆರೈಟ್, ಜನ ಸಿರಾಮಿಕ್ ಅಂತಾರೆ, ಮೇಲೆ ಕಾಣುವ ಆರು ಗುಂಡು ಬರೀ ಕಬ್ಬಿಣ. ಪಟ್ಟಿ ಇಲ್ಲದೆ ಆರು ಕಡ್ಡಿಗಳೇ ಮ್ಯಾಗ್ನೆಟ್ ಆಗಿದ್ದರೆ ಅದು ಅಲ್ನಿಕೊ, ಅಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಕಬ್ಬಿಣದ ಜೊತೆ ಸೇರಿದ್ದು. ಕಡ್ಡಿ ಇರುವ ಪಿಕಪ್‌ನಲ್ಲಿ ವೈರ್ ಇನ್ನೂ ಸುತ್ತಿರುವಾಗ ಯಾವ ಕಾರಣಕ್ಕೂ ಕಡ್ಡಿಯನ್ನು ತಳ್ಳಿ ತೆಗೆಯಬೇಡಿ. ಹಳೇ ಫೆಂಡರ್ ರೀತಿಯದರಲ್ಲಿ ವೈರ್ ನೇರ ಕಡ್ಡಿಗಳ ಮೇಲೇ ಸುತ್ತಿರುತ್ತೆ, ಕಡ್ಡಿ ಜರುಗಿದರೆ ಒಳಗಿನ ಪದರ ಹರಿಯುತ್ತೆ, ಚೆನ್ನಾಗಿದ್ದ ಪಿಕಪ್ಪೂ ಸಾಯುತ್ತೆ.

ಹಳೇ ಮ್ಯಾಗ್ನೆಟ್ ಚೆನ್ನಾಗಿದ್ದರೆ ಅದನ್ನೇ ಇಡಿ. ಹೊಸದು ಹಾಕಲೇಬೇಕಾದರೆ ಅಲ್ನಿಕೊ 5 ಕಡ್ಡಿ ಹಾಕಿ, ಉಳಿದ ಎರಡೂ ಫೆರೈಟ್ ಆಗಿದ್ದರೆ ಇದಕ್ಕೂ ಫೆರೈಟೇ ಇರಲಿ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುವ ನಿಯೋಡಿಮಿಯಂ ಗುಂಡು ಬೇಡವೇ ಬೇಡ. ಅದು ಗಿಟಾರಿನ ತಂತಿಯನ್ನೇ ಹಿಡಿದು ಎಳೆಯುತ್ತೆ, ಸ್ವರ ಹೆಚ್ಚು ಹೊತ್ತು ನಿಲ್ಲೋದಿಲ್ಲ, ದಪ್ಪ ತಂತಿಯಲ್ಲಿ ಶ್ರುತಿಯೇ ಅಲುಗಾಡುತ್ತೆ. ಧಾರವಾಡದ ಕಿವಿಯವರ ಮುಂದೆ ಅದು ನಡೆಯುತ್ತಾ? ಅಲ್ನಿಕೊ 2, 3, 5 ಅಂತ ಜಾತಿ ಹುಡುಕುತ್ತಾ ದುಡ್ಡು ಸುರಿಯುವುದೂ ನನಗೆ ಒಪ್ಪಿಗೆ ಇಲ್ಲ. ಗಿಬ್ಸನ್ ಗಿಟಾರ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್ (ಕರೆಂಟಿನ ಸದ್ದು ತಡೆಯಲು ಎರಡು ಕಾಯಿಲ್ ಜೋಡಿಸಿದ ಪಿಕಪ್) ಇದೆಯಲ್ಲ, ಇವತ್ತು ಎಲ್ಲರೂ ದೇವರು ಅನ್ನುವ ಪಿಕಪ್, ಅದರಲ್ಲೇ ಆ ಕಾಲಕ್ಕೆ ಬೇರೆ ಬೇರೆ ದರ್ಜೆಯ ಅಲ್ನಿಕೊ ಹಾಕಿದ್ದಾರೆ, ಸುತ್ತಿನ ಸಂಖ್ಯೆಯೂ ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇರಲಿಲ್ಲ.

ಕಬ್ಬಿಣದ ಗುಂಡು, ಸ್ಕ್ರೂ ಬದಲಿಸೋದಾದರೆ ಸಾದಾ ಮೈಲ್ಡ್ ಸ್ಟೀಲ್ ಇರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಳೆಯುವ ಸ್ಟೇನ್‌ಲೆಸ್ ಸ್ಕ್ರೂ ಕೊಡಲು ನೋಡುತ್ತಾರೆ, ಅದರಲ್ಲಿ ಬಹಳಷ್ಟಕ್ಕೆ ಮ್ಯಾಗ್ನೆಟ್ ಹಿಡಿಯೋದಿಲ್ಲ. ಕಿಸೆಯಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡೇ ಅಂಗಡಿಗೆ ಹೋಗಿ.

ಉಳಿದದ್ದು ಹುಬ್ಬಳ್ಳಿಯಲ್ಲೇ ಆಗುತ್ತೆ. ಬಾಬಿನ್ ಒಡೆದಿದ್ದರೆ ಹಳೇ ಸ್ವಿಚ್‌ಬೋರ್ಡಿನ ಹೈಲಂ ಶೀಟ್ ಕತ್ತರಿಸಿ ಮೇಲಿನ, ಕೆಳಗಿನ ಪಟ್ಟಿ ಮಾಡಬಹುದು, ಮೊದಲ ತಂತಿಯಿಂದ ಆರನೇ ತಂತಿಯವರೆಗಿನ ಅಂತರವನ್ನು ಮಾತ್ರ ನಿಮ್ಮ ಗಿಟಾರ್ ಮೇಲೇ ಅಳೆದು ತೂತು ಹಾಕಿ. ಕಡ್ಡಿಗಳಿಗೆ ಸುತ್ತುವ ಮೊದಲು ತೆಳ್ಳಗೆ ವಾರ್ನಿಶ್ ಬಳಿಯಿರಿ. ಅಲ್ನಿಕೊ ತುಕ್ಕು ಹಿಡಿಯುತ್ತೆ, ತುಕ್ಕು ಒಳಗಿನ ವೈರನ್ನು ತಿನ್ನುತ್ತೆ, ಧಾರವಾಡದ ಮಳೆಗಾಲಕ್ಕೆ ಇದು ಸುಮ್ನೆ ಹೇಳುವ ಮಾತಲ್ಲ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಇದೇ ವಾರ್ನಿಶ್ ಸಿಗುತ್ತೆ. ಆದರೆ ಅವರು ಪ್ರೀತಿಯಿಂದ "ಪೂರ್ತಿ ಅದ್ದಿ ಕೊಡ್ತೇನ್ರಿ, ಗಟ್ಟಿ ಆಗ್ತದ" ಅಂದರೆ ಕೈ ಮುಗಿದು ಬೇಡ ಅನ್ನಿ. ಥಿನ್ನರ್ ಪ್ಲಾಸ್ಟಿಕ್ ಬಾಬಿನ್ನನ್ನು ತಿನ್ನಬಹುದು, ಒಮ್ಮೆ ಗಟ್ಟಿಯಾದರೆ ಮುಂದೆ ಬಿಚ್ಚಿ ರಿಪೇರಿ ಮಾಡಲು ಬರೋದಿಲ್ಲ.

ಅದರ ಬದಲು ಮೇಣ. ಸಾದಾ ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು. ಪಾತ್ರೆಯೊಳಗೆ ಪಾತ್ರೆ ಇಟ್ಟು ಬಿಸಿನೀರಿನಲ್ಲೇ ಕರಗಿಸಿ, ನೇರ ಉರಿಗೆ ಇಟ್ಟರೆ ಬೆಂಕಿ ಹತ್ತುತ್ತೆ. 65 ಡಿಗ್ರಿ ದಾಟಿಸಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ, ಹಾಗಾಗಿ ಥರ್ಮಾಮೀಟರ್ ಬೇಕೇ ಬೇಕು. ಗುಳ್ಳೆ ಬರುವುದು ನಿಂತಾಗ ತೆಗೆಯಿರಿ. ಮೇಣ ಹಾಕದಿದ್ದರೆ ವಾಲ್ಯೂಮ್ ಏರಿಸಿದಾಗ ಸಡಿಲ ಸುತ್ತುಗಳು ಅದುರಿ ಕಿರುಚುತ್ತೆ.

ಸುತ್ತಲು ಹೊಲಿಗೆ ಮಶೀನಿನ ಪೆಡಲ್ ಇರುವ ಮೋಟರ್ ಸಾಕು. ವೇಗ ಕಾಲಲ್ಲೇ ಇರುತ್ತೆ, ಎರಡೂ ಕೈ ವೈರಿಗೆ ಸಿಗುತ್ತೆ. ಎಣಿಸಲು ಅಗ್ಗದ ಕ್ಯಾಲ್ಕುಲೇಟರ್ ಬಿಚ್ಚಿ ಅದರ "=" ಗುಂಡಿಗೆ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ತಾನೇ ಆನ್ ಆಗುವ ಸ್ವಿಚ್) ಬೆಸೆಯಿರಿ, ತಿರುಗುವ ಕಡೆ ಒಂದು ಸಣ್ಣ ಮ್ಯಾಗ್ನೆಟ್ ಅಂಟಿಸಿ, 1+1 ಒತ್ತಿಟ್ಟರೆ ಪ್ರತಿ ಸುತ್ತಿಗೂ ಒಂದು ಕೂಡುತ್ತಾ ಹೋಗುತ್ತೆ. ಮುಗಿದ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಬೇಡಿ, ಬಿಸಿಲಿಗೆ ಅಂಟು ಕರಗಿ ಹೊಲಸಾಗುತ್ತೆ. ಟ್ರಾನ್ಸ್‌ಫಾರ್ಮರ್‌ಗೆ ಹಾಕುವ ಹಳದಿ ಟೇಪ್ ಒಳ್ಳೇದು. ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ರೆಸಿಸ್ಟರ್), ಕೆಪ್ಯಾಸಿಟರ್ ಟಿ.ವಿ. ರಿಪೇರಿ ಸಾಮಾನಿನ ಅಂಗಡಿಯಲ್ಲೇ ಸಿಗುತ್ತೆ. ನಿಮ್ಮದರಂಥ ಸಿಂಗಲ್ ಕಾಯಿಲ್ (ಒಂದೇ ಕಾಯಿಲ್ ಇರುವ) ಪಿಕಪ್‌ಗೆ 250 ಕಿಲೋ ಓಮ್ ಪಾಟು, 220 ಸಿಕ್ಕರೂ ನಡೆಯುತ್ತೆ. ಟೋನ್‌ಗೆ 473 ಅಂತ ಬರೆದ ಸಾದಾ ಪಾಲಿಯೆಸ್ಟರ್ ಕೆಪ್ಯಾಸಿಟರ್ ಹಾಕಿ, ಸಾವಿರ ರೂಪಾಯಿಯ ಕೆಪ್ಯಾಸಿಟರ್ ಮಾರುವವರ ಮಾತು ಕೇಳಬೇಡಿ.

ನಿಮ್ಮದು ಮಧ್ಯದ ಪಿಕಪ್ ಆದ್ದರಿಂದ ಒಂದು ವಿಷಯ ಜಾಸ್ತಿ ನೋಡಬೇಕು. ಬಹಳ ಗಿಟಾರುಗಳಲ್ಲಿ ಮಧ್ಯದ್ದರ ಮ್ಯಾಗ್ನೆಟ್ ಉಲ್ಟಾ, ಸುತ್ತೂ ಉಲ್ಟಾ ಇರುತ್ತೆ. ಸ್ವಿಚ್ ಎರಡು ಮತ್ತು ನಾಲ್ಕನೇ ಜಾಗದಲ್ಲಿದ್ದಾಗ, ಅಂದರೆ ಮಧ್ಯದ್ದು ಪಕ್ಕದ ಒಂದರ ಜೊತೆ ಸೇರಿ ನುಡಿಯುವಾಗ, ಗುಂಯ್ ಅನ್ನೋ ಕರೆಂಟಿನ ಸದ್ದು ಹೋಗೋದು ಇದರಿಂದಲೇ. ಬಿಚ್ಚುವ ಮೊದಲೇ ದಿಕ್ಸೂಚಿ ಹಿಡಿದು ಮೂರರ ಮೇಲಿನ ಧ್ರುವ ಯಾವುದು ಅಂತ ಬರೆದಿಟ್ಟುಕೊಳ್ಳಿ, ವೈರ್ ಯಾವ ಕಡೆಗೆ ಸುತ್ತಿದೆ ಅನ್ನೋದನ್ನೂ. ಸುತ್ತಿ ಮುಗಿದ ಮೇಲೆ ಮುಳ್ಳಿನ ಮೀಟರ್ ಜೋಡಿಸಿ, ಸ್ಕ್ರೂಡ್ರೈವರನ್ನು ಪಿಕಪ್ ಮೇಲಿನ ಗುಂಡು ಇಲ್ಲವೇ ಕಡ್ಡಿಯ ತುದಿಗೆ ತಾಗಿಸಿ ಫಟ್ ಅಂತ ಎಳೆಯಿರಿ. ಮೂರರಲ್ಲೂ ಮುಳ್ಳು ಒಂದೇ ಕಡೆ ಹಾರಬೇಕು. ಹೊಸದು ಮಾತ್ರ ಬೇರೆ ಕಡೆ ಹಾರಿದರೆ ಬಿಚ್ಚಿ ಮತ್ತೆ ಸುತ್ತುವ ಕೆಲಸ ಇಲ್ಲ, ಅದರ ಎರಡು ವೈರ್ ಅದಲುಬದಲು ಮಾಡಿ ಬೆಸೆಯಿರಿ.