ಭಾಷಣ ಮುಗಿದ ಮೇಲೆ ಕಪಾಟಿನ ಕಡೆಗೆ

ಓದುಗರ ಪ್ರಶ್ನೆ, ನಿವೃತ್ತ ಗ್ರಂಥಪಾಲಕಿಯ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ನಗರ ಗ್ರಂಥಾಲಯಗಳಲ್ಲಿ ನಡೆಯುವ ಉಪನ್ಯಾಸ ಮತ್ತು ಪ್ರದರ್ಶನಗಳ ಬಗ್ಗೆ ಇದ್ದವು. ನನ್ನ ಸೇವಾವಧಿಯ ಬಹುಭಾಗ ಕಳೆದದ್ದು ಇದೇ ಕೆಲಸದಲ್ಲಿ. ಆದ್ದರಿಂದ ಕೆಲವು ಉತ್ತರಗಳು ಉದ್ದವಾಗಿವೆ.

ಪ್ರಶ್ನೆ: ನಾನು ಪರೀಕ್ಷೆಗೆ ಓದಲು ಗ್ರಂಥಾಲಯಕ್ಕೆ ಹೋಗುವವನು. ಈಚೆಗೆ ಅಲ್ಲಿ ವಾರ ವಾರವೂ ಉಪನ್ಯಾಸ. ಕುರ್ಚಿ ಎಳೆಯುವ ಸದ್ದು, ಧ್ವನಿವರ್ಧಕ, ಚಪ್ಪಾಳೆ. ಗ್ರಂಥಾಲಯ ಇರುವುದು ಓದುವುದಕ್ಕಲ್ಲವೇ? ಭಾಷಣಕ್ಕೆ ಬೇರೆ ಸಭಾಂಗಣಗಳಿಲ್ಲವೇ?
– ಒಬ್ಬ ವಿದ್ಯಾರ್ಥಿ

ಉತ್ತರ: ನಿಮ್ಮ ದೂರಿನಲ್ಲಿ ಅರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಓದುವ ಕೋಣೆಯೊಳಗೆ ಧ್ವನಿವರ್ಧಕ ಹಚ್ಚುವುದು ತಪ್ಪು. ಕಾರ್ಯಕ್ರಮಕ್ಕೆ ಬಾಗಿಲು ಮುಚ್ಚಬಹುದಾದ ಬೇರೆ ಕೋಣೆ ಇರಬೇಕು. ಇಲ್ಲವಾದರೆ ಓದುಗರು ವಿರಳವಾಗಿರುವ ಹೊತ್ತನ್ನು ಆರಿಸಿಕೊಂಡು, ಒಂದು ವಾರ ಮೊದಲೇ ಬಾಗಿಲಲ್ಲಿ ಬರೆದು ಹಾಕಬೇಕು. ಇದನ್ನು ಗ್ರಂಥಪಾಲಕರಿಗೆ ಬರಹದಲ್ಲಿ ಕೊಡಿ, ನಿಮ್ಮ ಜೊತೆ ಓದುವವರ ಸಹಿಯನ್ನೂ ಹಾಕಿಸಿ. ಬಾಯಿಮಾತಿನ ದೂರು ಮರೆತುಹೋಗುತ್ತದೆ, ಕಡತದಲ್ಲಿರುವ ಕಾಗದಕ್ಕೆ ಯಾರಾದರೂ ಉತ್ತರ ಹೇಳಲೇಬೇಕಾಗುತ್ತದೆ.

ಆದರೆ ಉಪನ್ಯಾಸ ಗ್ರಂಥಾಲಯಕ್ಕೆ ಹೊರಗಿನದು ಎಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಅಲೆಕ್ಸಾಂಡ್ರಿಯದ ಹೆಸರಾಂತ ಗ್ರಂಥಾಲಯ ಯಾವ ವಿದ್ವತ್ ಸಂಸ್ಥೆಗೆ ಸೇರಿತ್ತೋ ಅಲ್ಲಿ ಅಡ್ಡಾಡಲು ಹಾದಿಯೂ ಕುಳಿತು ಮಾತಾಡಲು ಆಸನಗಳಿದ್ದ ಮೊಗಸಾಲೆಯೂ ಇದ್ದವೆಂದು ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಬರೆದಿದ್ದಾನೆ. ಓದು ಮತ್ತು ಮಾತು ಅಲ್ಲಿ ಒಂದೇ ಸೂರಿನಡಿ ಇದ್ದವು. ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು ಫಿಲಡೆಲ್ಫಿಯದ ಕಥೆ. 1731ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಚಂದಾ ಹಾಕಿ ಅಲ್ಲೊಂದು ಗ್ರಂಥಾಲಯ ಕಟ್ಟಿದರು. ಅದಕ್ಕೆ ಲಂಡನ್ನಿನಿಂದ ಪುಸ್ತಕ ಕಳುಹಿಸಿಕೊಡುತ್ತಿದ್ದ ಪೀಟರ್ ಕಾಲಿನ್ಸನ್ 1740ರ ದಶಕದಲ್ಲಿ ಒಂದು ಗಾಜಿನ ಕೊಳವೆಯನ್ನೂ ಕಳುಹಿಸಿದ. ಅದು ಉಜ್ಜಿದರೆ ವಿದ್ಯುತ್ ಹುಟ್ಟುವ ಕೊಳವೆ. ಫ್ರಾಂಕ್ಲಿನ್ ಅದನ್ನು ಹಿಡಿದು ಪ್ರಯೋಗಕ್ಕಿಳಿದ. ಈ ಹೊಸ ಅಚ್ಚರಿ ನೋಡಲು ಬರುವವರಿಂದ ಮನೆ ಸದಾ ತುಂಬಿರುತ್ತಿತ್ತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಕಡೆಗೆ, ಕೈಯಲ್ಲಿ ಉದ್ಯೋಗವಿಲ್ಲದಿದ್ದ ನೆರೆಯವನಾದ ಕಿನ್ನರ್ಸ್ಲಿಗೆ ಎರಡು ಉಪನ್ಯಾಸಗಳನ್ನು ತಾನೇ ಸಿದ್ಧಪಡಿಸಿಕೊಟ್ಟು, ಪ್ರಯೋಗಗಳನ್ನು ಜನರೆದುರು ಮಾಡಿ ತೋರಿಸಲು ಹುರಿದುಂಬಿಸಿದ. ಗ್ರಂಥಾಲಯಕ್ಕೆ ಬಂದ ಒಂದು ವಸ್ತು ಪ್ರದರ್ಶನವಾಯಿತು, ಪ್ರದರ್ಶನ ಉಪನ್ಯಾಸವಾಯಿತು. 1823ರಲ್ಲಿ ಲಂಡನ್ನಿನಲ್ಲಿ ಕುಶಲಕರ್ಮಿಗಳಿಗಾಗಿ ಹುಟ್ಟಿದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ ಕೂಡ ಪುಸ್ತಕ ಭಂಡಾರವನ್ನೂ ಉಪನ್ಯಾಸಗಳನ್ನೂ ಜೊತೆಜೊತೆಯಾಗಿಯೇ ನಡೆಸಿತು.

ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕಗಳನ್ನು ಕಪಾಟಿನಲ್ಲಿ ನೋಡುತ್ತಾ ದುಡಿದವರಿಗೆ ಈ ಸೂತ್ರದ ತೂಕ ಗೊತ್ತಿರುತ್ತದೆ. ಪಕ್ಷಿಗಳ ಬಗ್ಗೆ ಒಬ್ಬರು ಚೆನ್ನಾಗಿ ಮಾತಾಡಿದ ಸಂಜೆ, ಆವರೆಗೆ ಧೂಳು ಹಿಡಿದಿದ್ದ ಪಕ್ಷಿಶಾಸ್ತ್ರದ ಸಾಲು ಖಾಲಿಯಾದದ್ದನ್ನು ನಾನು ಕಂಡಿದ್ದೇನೆ. ಸಭಾಂಗಣದಲ್ಲಿ ಭಾಷಣ ಕೇಳಿದವರು ನೇರ ಮನೆಗೆ ಹೋಗುತ್ತಾರೆ. ಗ್ರಂಥಾಲಯದಲ್ಲಿ ಪುಸ್ತಕ ಹತ್ತು ಹೆಜ್ಜೆಯಲ್ಲಿರುತ್ತದೆ. ಆ ಹತ್ತು ಹೆಜ್ಜೆ ನಡೆಸುವ ಏರ್ಪಾಡು ಇಲ್ಲದ ಕಾರ್ಯಕ್ರಮವಾದರೆ, ಅದು ಬೇರೆ ಸಭಾಂಗಣದಲ್ಲಿ ನಡೆಯಲಿ ಎಂದು ನಿಮ್ಮೊಂದಿಗೆ ನಾನೂ ದನಿಗೂಡಿಸುತ್ತೇನೆ.

ಪ್ರಶ್ನೆ: ಹಳೆಯ ಹಸ್ತಪ್ರತಿಗಳ ಪ್ರದರ್ಶನಕ್ಕೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಕೋಣೆಯಲ್ಲಿ ಮಬ್ಬುಗತ್ತಲು, ನನ್ನ ಕಣ್ಣಿಗೆ ಅಕ್ಷರವೇ ಕಾಣಲಿಲ್ಲ. ಮೊಬೈಲ್ ಬೆಳಕು ಹಾಕಿದರೆ ಸಿಬ್ಬಂದಿ ತಡೆದರು. ಇನ್ನೊಮ್ಮೆ ಹೋದಾಗ ಅದೇ ಪೆಟ್ಟಿಗೆಯಲ್ಲಿ ಪ್ರತಿಕೃತಿ ಇಟ್ಟಿದ್ದರು. ಇದು ನೋಡುಗರಿಗೆ ಮಾಡುವ ಮೋಸವಲ್ಲವೇ?
– ನಿವೃತ್ತ ಶಿಕ್ಷಕರು

ಉತ್ತರ: ಮೇಷ್ಟ್ರೇ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಆ ಸಿಬ್ಬಂದಿ ಮಾಡಿದ್ದು ಸರಿ.

ಬೆಳಕು ಕಾಗದಕ್ಕೂ ಶಾಯಿಗೂ ಮಾಡುವ ಹಾನಿ ಕೂಡುತ್ತಾ ಹೋಗುವ ಹಾನಿ. ಪೆಟ್ಟಿಗೆ ಮುಚ್ಚಿ ಕತ್ತಲಲ್ಲಿಟ್ಟರೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಅದಕ್ಕಾಗಿಯೇ ಹಸ್ತಪ್ರತಿ, ಜಲವರ್ಣ ಚಿತ್ರ, ಬಟ್ಟೆ ಮೊದಲಾದ ಸೂಕ್ಷ್ಮ ವಸ್ತುಗಳ ಮೇಲೆ ಬೀಳುವ ಬೆಳಕನ್ನು 50 ಲಕ್ಸ್ ಆಸುಪಾಸಿಗೆ ಮಿತಿಗೊಳಿಸುತ್ತಾರೆ. ಲಕ್ಸ್ ಎಂದರೆ ಒಂದು ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ. ನೆತ್ತಿಯ ಮೇಲಿನ ಬಿಸಿಲು ಒಂದು ಲಕ್ಷ ಲಕ್ಸ್ ತಲುಪಬಲ್ಲದು. ಲೆಕ್ಕ ಹಾಕಿ ನೋಡಿ: 50 ಲಕ್ಸ್ ಬೆಳಕಿನಲ್ಲಿ ದಿನಕ್ಕೆ 8 ಗಂಟೆಯಂತೆ 90 ದಿನ ಇಟ್ಟರೆ 36,000 ಲಕ್ಸ್-ಗಂಟೆ. ಅಂದರೆ ಮೂರು ತಿಂಗಳ ಪ್ರದರ್ಶನದಲ್ಲಿ ಆ ಪುಟ ಉಣ್ಣುವಷ್ಟು ಬೆಳಕನ್ನು ನೇರ ಬಿಸಿಲು ಅರ್ಧ ಗಂಟೆಯೊಳಗೆ ಸುರಿದುಬಿಡುತ್ತದೆ. ಕಿಟಕಿಯ ಪಕ್ಕ ಹಳೆಯ ಪುಸ್ತಕ ಇಡಬೇಡಿ ಎಂದು ನಾವು ಹೇಳುವುದು ಇದಕ್ಕೇ.

ಮಾತಿಗೆ ಸಾಕ್ಷಿ ಬೇಕೆಂದರೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿ ಇದೆ. ಚರ್ಮಪತ್ರದ ಮೇಲೆ ಬರೆದ ಆ ದಾಖಲೆಯನ್ನು 1841ರಿಂದ 1876ರವರೆಗೆ ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯ ಕಟ್ಟಡದಲ್ಲಿ ಕಿಟಕಿಗೆ ಎದುರಾದ ಗೋಡೆಯ ಮೇಲೆ ತೂಗುಹಾಕಿದ್ದರು. ಅದಕ್ಕೂ ಮೊದಲು ಸುರುಳಿ ಸುತ್ತಿ ಬಿಚ್ಚಿ ಆಗಿದ್ದ ಸವೆತವೂ ಇತ್ತು. ಬೆಳಕು ಉಳಿದದ್ದನ್ನು ಮುಗಿಸಿತು. ಇಂದು ಅದರ ಸಹಿಗಳಲ್ಲಿ ಹಲವು ಓದಲಾಗದಷ್ಟು ಮಾಸಿವೆ. 1924ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸಾರ್ವಜನಿಕರ ನೋಟಕ್ಕಿಟ್ಟಾಗ ಎರಡು ಗಾಜಿನ ನಡುವೆ ಬೆಳಕು ಸೋಸುವ ಜೆಲಟಿನ್ ಪದರ ಹಾಕಿಸಿತು. ಅಷ್ಟರಲ್ಲಿ ಹೋದದ್ದು ಹೋಗಿತ್ತು. ಪ್ರೀತಿಯಿಂದ, ಹೆಮ್ಮೆಯಿಂದ ತೋರಿಸಿಯೇ ಅದನ್ನು ಮಸುಕಾಗಿಸಿದರು ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ಪುಸ್ತಕವನ್ನು ಕೆಲವು ತಿಂಗಳಿಗೊಮ್ಮೆ ಬೇರೆ ಪುಟಕ್ಕೆ ತಿರುಗಿಸುವುದು, ಮೂಲವನ್ನು ಒಳಗಿಟ್ಟು ಪ್ರತಿಕೃತಿ ತೋರಿಸುವುದು, ಪೂರ್ತಿ ಬಿಡಿಸದೆ ಆಧಾರದ ಮೇಲೆ ಓರೆಯಾಗಿ ತೆರೆದಿಡುವುದು, ಇವೆಲ್ಲ ಆ ಕಾಳಜಿಯ ಭಾಗ. ಪೂರ್ತಿ ಚಪ್ಪಟೆಯಾಗಿ ತೆರೆದರೆ ಹಳೆಯ ಹೊಲಿಗೆಯ ಮೇಲೆ ಭಾರ ಬೀಳುತ್ತದೆ. ಪ್ರತಿಕೃತಿ ಇಡುವುದು ಮೋಸವಲ್ಲ, ಪ್ರತಿಕೃತಿ ಎಂದು ಫಲಕದಲ್ಲಿ ಬರೆಯದಿರುವುದು ಮೋಸ. ಅದು ಬರೆದಿರಲಿಲ್ಲವೆಂದರೆ ನಿಮ್ಮ ಸಿಟ್ಟು ನ್ಯಾಯವಾದದ್ದು.

ನಿಮ್ಮ ಕಣ್ಣಿನ ವಿಷಯಕ್ಕೆ ಬರುತ್ತೇನೆ. ಹೊರಗಿನ ಬಿಸಿಲಿನಿಂದ ನೇರ ಒಳಗೆ ಬಂದರೆ ಯಾರಿಗೂ ಕಾಣದು, ವಯಸ್ಸಾದಂತೆ ಕಣ್ಣು ಹೊಂದಿಕೊಳ್ಳಲು ಇನ್ನೂ ಹೊತ್ತು ಹಿಡಿಯುತ್ತದೆ. ಮೊದಲ ಕೋಣೆಯಲ್ಲಿ ಕೆಲವು ನಿಮಿಷ ಕುಳಿತು ಆಮೇಲೆ ಪೆಟ್ಟಿಗೆಗಳತ್ತ ಹೋಗಿ. ಅಲ್ಲಿ ಬೆಂಚು ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಪುಟದ ದೊಡ್ಡಕ್ಷರದ ಪಠ್ಯವನ್ನೂ ಅದರ ಸಂಪಾದಿತ ಮುದ್ರಿತ ಆವೃತ್ತಿಯನ್ನೂ ಬೆಳಕಿರುವ ಮೇಜಿನ ಮೇಲೆ ಇಡುವಂತೆ ಒತ್ತಾಯಿಸಿ. ಪೆಟ್ಟಿಗೆಯೊಳಗಿನ ಪುಟದ ಮುಂದೆ ಮೊಮ್ಮಗಳು ನಿಲ್ಲುವುದು ಒಂದು ನಿಮಿಷ. ಅದೇ ಸಾಲುಗಳನ್ನು ನೀವು ಅವಳಿಗೆ ಜೋರಾಗಿ ಓದಿ ಹೇಳಬಹುದಾದ ಪುಸ್ತಕ ಪಕ್ಕದಲ್ಲೇ ಸಿಕ್ಕರೆ ಅರ್ಧ ಗಂಟೆ ಕುಳಿತಾಳು.

ಪ್ರಶ್ನೆ: ಉಪನ್ಯಾಸ ಮುಗಿದ ಮೇಲೆ ಪ್ರಶ್ನೆ ಕೇಳಬೇಕೆಂದು ತುಂಬಾ ಆಸೆ. ಎದ್ದು ನಿಲ್ಲಲು ಧೈರ್ಯ ಸಾಲದು. ಅಷ್ಟರಲ್ಲಿ ಬೇರೆ ಯಾರೋ ಎದ್ದು ತಾವೇ ಒಂದು ಭಾಷಣ ಮಾಡುತ್ತಾರೆ, ಸಮಯ ಮುಗಿಯುತ್ತದೆ. ಏನು ಮಾಡಲಿ?
– ಪದವಿ ವಿದ್ಯಾರ್ಥಿನಿ

ಉತ್ತರ: ಮಗಳೇ, ಮೊದಲನೆಯದಾಗಿ ಇದು ನಿನ್ನ ಕೊರತೆಯಲ್ಲ, ನಿರೂಪಕರ ಕೆಲಸ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಡುವ ಅವಕಾಶ ಎಲ್ಲ ಕಡೆ ಇರಬೇಕು. ನಾನು ನಡೆಸುತ್ತಿದ್ದ ಕಾರ್ಯಕ್ರಮಗಳಲ್ಲಿ ಪ್ರತಿ ಕುರ್ಚಿಯ ಮೇಲೂ ಚೀಟಿ, ಸಾಲಿಗೊಂದು ಪೆನ್ಸಿಲ್ ಇಡಿಸುತ್ತಿದ್ದೆ. ಒಳ್ಳೆಯ ಪ್ರಶ್ನೆಗಳಲ್ಲಿ ಬಹುಪಾಲು ಬರುತ್ತಿದ್ದದ್ದು ಆ ಚೀಟಿಗಳಿಂದಲೇ. ಭಾಷಣ ಮಾಡುವವರನ್ನು ನಿರೂಪಕರು ವಿನಯದಿಂದಲೇ ತಡೆಯಬಹುದು: "ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಹೇಳಿ." ಅಷ್ಟು ಹೇಳಲು ಹಿಂಜರಿಯುವವರು ನಿರೂಪಣೆಗೆ ಒಪ್ಪಿಕೊಳ್ಳಬಾರದು.

ನೀನು ಮಾಡಬಹುದಾದದ್ದೂ ಇದೆ. ಉಪನ್ಯಾಸದ ವಿಷಯದ ಮೇಲೆ ಒಂದೇ ಒಂದು ಅಧ್ಯಾಯವಾದರೂ ಮೊದಲೇ ಓದಿಕೊಂಡು ಹೋಗು. "ಇದು ನಿಮಗೆ ಹೇಗೆ ಗೊತ್ತಾಯಿತು?", "ಇದನ್ನು ಒಪ್ಪದವರು ಏನು ಹೇಳುತ್ತಾರೆ?" ಎಂಬ ಎರಡು ಪ್ರಶ್ನೆಗಳು ಯಾವ ವಿಷಯಕ್ಕೂ ಸಲ್ಲುತ್ತವೆ, ಅವನ್ನು ಕೇಳಲು ಪಾಂಡಿತ್ಯ ಬೇಡ. "ಇದರ ಬಗ್ಗೆ ಮೊದಲು ಯಾವ ಪುಸ್ತಕ ಓದಲಿ?" ಎಂದು ಕೇಳಿದರಂತೂ ಇಡೀ ಸಭೆ ನಿನಗೆ ಋಣಿ.

ಮೈಕ್ ಕೊಟ್ಟರೆ ಬೇಡವೆನ್ನಬೇಡ. "ನನ್ನ ದನಿ ದೊಡ್ಡದು, ಮೈಕ್ ಬೇಡ" ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಶ್ರವಣ ಸಾಧನ ಧರಿಸಿದ ಹಲವರಿಗೆ ಸಭಾಂಗಣದ ಲೂಪ್ ವ್ಯವಸ್ಥೆಯ (ಮೈಕಿನ ದನಿಯನ್ನು ತಂತಿಯ ಸುತ್ತಿನಿಂದ ಆ ಸಾಧನಕ್ಕೆ ಕಳುಹಿಸುವ ಏರ್ಪಾಡು) ಮೂಲಕ ಮಾತು ನೇರ ಕಿವಿಗೆ ತಲುಪುತ್ತದೆ. ಅದು ಹೊತ್ತು ತರುವುದು ಮೈಕಿಗೆ ಬಿದ್ದ ದನಿಯನ್ನು ಮಾತ್ರ. ಮೈಕ್ ಬಿಟ್ಟು ಮಾತಾಡಿದರೆ ಅವರ ಪಾಲಿಗೆ ಪ್ರಶ್ನೆಯೇ ಇಲ್ಲ, ಬರಿಯ ಉತ್ತರ.

ತುಂಬಿದ ಸಭೆಯೇ ಒಗ್ಗದವರಿಗೆ ಇನ್ನೊಂದು ದಾರಿಯಿದೆ. 2000ದಲ್ಲಿ ಡೆನ್ಮಾರ್ಕ್‌ನ ರೋಸ್ಕಿಲ್ಡೆ ಉತ್ಸವದಲ್ಲಿ 'ಮಾನವ ಗ್ರಂಥಾಲಯ' ಎಂಬ ಪ್ರಯೋಗ ಶುರುವಾಯಿತು, ಈಗ ಅದು ಅನೇಕ ದೇಶಗಳ ಗ್ರಂಥಾಲಯಗಳಿಗೆ ಹಬ್ಬಿದೆ. ಅಲ್ಲಿ ಎರವಲು ಸಿಗುವುದು ಒಬ್ಬ ವ್ಯಕ್ತಿ. ಅವರ ಎದುರು ಕುಳಿತು, ಅವರ ಬದುಕಿನ ಬಗ್ಗೆ ನಿಗದಿತ ಹೊತ್ತು ಮಾತಾಡಬಹುದು. ನಿಮ್ಮ ಗ್ರಂಥಾಲಯಕ್ಕೆ ಇದನ್ನು ಸೂಚಿಸಿ ನೋಡು.

ಪ್ರಶ್ನೆ: ಭಾಷಣ ಹಿಡಿಸದಿದ್ದರೆ ನಡುವೆ ಎದ್ದು ಹೋಗುವುದು ಅಗೌರವವೇ?

ಉತ್ತರ: ಅಲ್ಲ. ಸಾಲಿನ ಅಂಚಿನಲ್ಲಿ ಕುಳಿತುಕೊಳ್ಳಿ, ಸದ್ದಿಲ್ಲದೆ ಎದ್ದು ಪುಸ್ತಕಗಳ ಕಡೆ ಹೋಗಿ.

ಪ್ರಶ್ನೆ: ವಿವಾದದ ವಿಷಯದ ಮೇಲೆ ಉಪನ್ಯಾಸ ಇಟ್ಟುಕೊಂಡಿದ್ದ ಒಂದು ಗ್ರಂಥಾಲಯ, ಕೆಲವರು ಆಕ್ಷೇಪಿಸಿದ ಕೂಡಲೇ ಅದನ್ನು ಕೈಬಿಟ್ಟಿತು. ಗ್ರಂಥಾಲಯಗಳು ಇಂಥ ವಿಷಯಗಳಿಂದ ದೂರವಿರುವುದೇ ಮೇಲಲ್ಲವೇ?
– ಒಬ್ಬ ಓದುಗರು

ಉತ್ತರ: ಮೇಲಲ್ಲ. ಯುನೆಸ್ಕೊ 1949ರಲ್ಲಿ ಮೊದಲು ಹೊರಡಿಸಿದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ 1994ರಲ್ಲಿಯೂ 2022ರಲ್ಲಿಯೂ ಪರಿಷ್ಕೃತವಾಗಿದೆ. ಗ್ರಂಥಾಲಯದ ಸಂಗ್ರಹವಾಗಲಿ ಸೇವೆಯಾಗಲಿ ಸೈದ್ಧಾಂತಿಕ, ರಾಜಕೀಯ ಅಥವಾ ಧಾರ್ಮಿಕ ಸೆನ್ಸಾರಿಗೂ ವಾಣಿಜ್ಯ ಒತ್ತಡಕ್ಕೂ ಒಳಗಾಗಬಾರದು ಎಂದು ಅದು ಹೇಳುತ್ತದೆ. ಉಪನ್ಯಾಸವೂ ಒಂದು ಸೇವೆಯೇ. ಒಂದೇ ವಿಷಯದ ಮೇಲೆ ಪರಸ್ಪರ ಒಪ್ಪದ ಎರಡು ಪುಸ್ತಕಗಳು ಒಂದೇ ಕಪಾಟಿನಲ್ಲಿ ಇರುವಾಗ, ಆ ಮಾತುಗಳು ಅದೇ ಕಟ್ಟಡದ ಸಭೆಯಲ್ಲಿ ಏಕೆ ಇರಬಾರದು? ಆಕ್ಷೇಪಿಸಿದವರನ್ನು ಉತ್ತರ ಹೇಳಲು ಮುಂದಿನ ವಾರ ಕರೆಯುವುದು ಗ್ರಂಥಾಲಯಕ್ಕೆ ತಕ್ಕ ದಾರಿ. ಸಭಾಂಗಣ ಕೊಡುವ ನಿಯಮ ಬರಹದಲ್ಲಿರಲಿ, ಎಲ್ಲರಿಗೂ ಒಂದೇ ಇರಲಿ. ಒತ್ತಡ ಬಂದಾಗ ಗ್ರಂಥಪಾಲಕರಿಗೆ ಬೆನ್ನಾಗಿ ನಿಲ್ಲುವುದು ಆ ಕಾಗದ ಮತ್ತು ನಿಮ್ಮಂಥ ಓದುಗರು.

ಪ್ರಶ್ನೆ: ನಮ್ಮದು ಚಿಕ್ಕ ಶಾಖಾ ಗ್ರಂಥಾಲಯ. ಗಾಜಿನ ಪೆಟ್ಟಿಗೆ ಇಲ್ಲ, ಅಪರೂಪದ ವಸ್ತುಗಳಿಲ್ಲ, ಹಣವೂ ಇಲ್ಲ. ನಾವು ಪ್ರದರ್ಶನ ಏರ್ಪಡಿಸಬಹುದೇ?
– ಒಬ್ಬ ಸಹಾಯಕ ಗ್ರಂಥಪಾಲಕಿ

ಉತ್ತರ: ಖಂಡಿತ. ಒಂದು ಮೇಜು, ಒಂದು ಗೋಡೆ, ಒಂದು ಒಳ್ಳೆಯ ಪ್ರಶ್ನೆ ಸಾಕು. "ಪುಸ್ತಕಗಳು" ಎಂಬ ವಿಷಯಕ್ಕೆ ಯಾರೂ ನಿಲ್ಲುವುದಿಲ್ಲ, "ನಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ?" ಎಂದರೆ ನಿಲ್ಲುತ್ತಾರೆ. ಭೂಪಟ, ಹಳೆಯ ವರದಿಯ ಪ್ರತಿ, ಭೂಗರ್ಭಶಾಸ್ತ್ರದ ಪುಸ್ತಕ, ಮಕ್ಕಳ ಚಿತ್ರಪುಸ್ತಕ, ನೀರಿನ ಮೇಲೆ ಬಂದ ಕವಿತೆ ಎಲ್ಲವೂ ಆ ಮೇಜಿಗೆ ಬರುತ್ತವೆ. ಬೇರೆ ಬೇರೆ ವಿಭಾಗಗಳಲ್ಲಿ ಹಂಚಿಹೋದ ಪುಸ್ತಕಗಳು ಒಂದೆಡೆ ಸೇರುವುದೇ ಗ್ರಂಥಾಲಯದ ಪ್ರದರ್ಶನದ ವಿಶೇಷ. ವರ್ಗೀಕರಣ ಬೇರೆ ಮಾಡಿದ್ದನ್ನು ನೀವು ಕೆಲವು ವಾರ ಕೂಡಿಸುತ್ತೀರಿ.

ಫಲಕಗಳನ್ನು ಚಿಕ್ಕದಾಗಿ ಬರೆಯಿರಿ. ಒಂದು ವಸ್ತುವಿಗೆ ಐವತ್ತು ಅರವತ್ತು ಪದ ಮೀರದಿರಲಿ, ಅಕ್ಷರ 18 ಪಾಯಿಂಟಿಗಿಂತ ಸಣ್ಣದಾಗದಿರಲಿ. ಗೋಡೆಯ ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬಂದರೆ ಹೆಚ್ಚಿನವರಿಗೆ ಅನುಕೂಲ. ಗಾಲಿಕುರ್ಚಿಯಲ್ಲಿ ಕುಳಿತು ಒಮ್ಮೆ ನೀವೇ ನೋಡಿ ಆಮೇಲೆ ಮೊಳೆ ಹೊಡೆಸಿ. "ಮುಟ್ಟಬೇಡಿ" ಎಂಬ ಫಲಕ ನಿಮಗೆ ಬೇಡ. ನಿಮ್ಮಲ್ಲಿರುವುದು ಎರವಲು ಕೊಡುವ ಪುಸ್ತಕಗಳು, ಪ್ರದರ್ಶನದ ಮೇಜಿನಿಂದಲೇ ಮನೆಗೆ ಹೋಗಲಿ. ಖಾಲಿಯಾದ ಜಾಗಕ್ಕೆ ಮರುದಿನ ಇನ್ನೊಂದನ್ನು ಇಡಿ. ಎಷ್ಟು ಜನ ಬಂದರು ಎಂಬುದರ ಜೊತೆಗೆ ಎಷ್ಟು ಪುಸ್ತಕ ಹೊರಗೆ ಹೋದವು ಎಂಬುದನ್ನೂ ವರದಿಯಲ್ಲಿ ಬರೆಯಿರಿ. ಮೇಲಧಿಕಾರಿಗಳಿಗೆ ತೋರಿಸಲು ಅದಕ್ಕಿಂತ ಗಟ್ಟಿಯಾದ ಅಂಕಿ ಇಲ್ಲ.

ಊರವರ ಮನೆಯ ಹಳೆಯ ಫೋಟೊಗಳನ್ನು ಕೇಳುವುದಾದರೆ ಮೂಲವನ್ನು ಇಟ್ಟುಕೊಳ್ಳಬೇಡಿ. ಅವರ ಎದುರಿಗೇ ಸ್ಕ್ಯಾನ್ ಮಾಡಿ ಮರಳಿಸಿ, ಮುದ್ರಿಸಿದ ಪ್ರತಿಯನ್ನು ಗೋಡೆಗೆ ಹಾಕಿ. ಚಿತ್ರದಲ್ಲಿ ಇರುವವರು ಯಾರು, ಸ್ಥಳ ಯಾವುದು, ಸುಮಾರು ಯಾವ ವರ್ಷ ಎಂದು ತಂದವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಪ್ರದರ್ಶನಕ್ಕೂ ಸಂಗ್ರಹಕ್ಕೂ ಬಳಸಲು ಅನುಮತಿ ಕೊಟ್ಟಿದ್ದಾರೆಂಬ ಸಹಿ ಅದೇ ಹಾಳೆಯ ಕೆಳಗಿರಲಿ. ಗೋಡೆಯ ಪಕ್ಕದಲ್ಲೊಂದು ನೋಟುಪುಸ್ತಕ ತೂಗುಹಾಕಿ. "ಎಡದಿಂದ ಎರಡನೆಯವರು ನಮ್ಮ ಅಜ್ಜಿ" ಎಂದು ಯಾರಾದರೂ ಬರೆದೇ ಬರೆಯುತ್ತಾರೆ. ಅದನ್ನು ಸಂಜೆಯೇ ಆ ಫೋಟೊದ ದಾಖಲೆಗೆ ಸೇರಿಸಿಬಿಡಿ.